ಕೊಸರಿಗೆ ಕಾಲಂ ಇಲ್ಲ

ತಿರುವಿನಲ್ಲಿ ಬಸ್ಸು ವಾಲಿದ್ದಕ್ಕೆ ಕಿಟಕಿಯಾಚೆ ಆಕಾಶ ಕೆಳಗೆ ಬಂತು, ಸತ್ಯಮಂಗಲದ ಬಯಲು ಮೇಲಕ್ಕೆ ಹೋಯಿತು, ತಿರುಗುತ್ತಿರುವುದು ದಿಂಬಂ ಘಾಟಿಯೋ ತನ್ನ ತಲೆಯೋ ಜಡೇಸ್ವಾಮಿಗೆ ಗೊತ್ತಾಗಲಿಲ್ಲ, ಒಂದು ಕೈಯಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದ, ಇನ್ನೊಂದು ಕೈಯಲ್ಲಿ ಎದೆಯ ಜೇಬು ಒತ್ತಿಕೊಂಡ — ಕಾಗದ ಇದೆ, ಮಡಿಚಿದ್ದು ಮಡಿಚಿದ ಹಾಗೇ ಇದೆ — ಹುಟ್ಟಿದಾಗಿನಿಂದ ಈ ಘಾಟಿ ಇಳಿದವನು, ಅವನು ಇಳಿದು ಹತ್ತಿದ್ದನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ಭೂಮಿಯ ಸೊಂಟಕ್ಕೆ ಉಡಿದಾರ ಕಟ್ಟಿ ಮೇಲೆ ಒಂದು ಗೇಣು ಮಿಗಬೇಕು, ಒಂದು ದಿನವೂ ಹೊಟ್ಟೆ ತೊಳಸಿದವನಲ್ಲ, ತುಂಬಿದ ಬಸ್ಸಿನಲ್ಲಿ ಎಲ್ಲರೂ ನಿಂಬೆಹಣ್ಣು ಮೂಸುತ್ತಿದ್ದಾಗ ಇವನು ಬೋಂಡ ತಿನ್ನುತ್ತಿದ್ದವನು, ಇವತ್ತು ಮಾತ್ರ ಬೋಂಡ ತಿಂದಿಲ್ಲ, ಏನೂ ತಿಂದಿಲ್ಲ, ತಿಂದದ್ದು ಬರೀ ಕಾಗದ, ಆರು ತಿಂಗಳಿಂದ ಕಾಗದ ತಿಂದು ಕಾಗದ ಕುಡಿದು ಕಾಗದದ ಮೇಲೆ ಮಲಗಿದ್ದಾನೆ, ಇನ್‌ವಾಯ್ಸು, ಪ್ಯಾಕಿಂಗ್ ಲಿಸ್ಟು, ಶಿಪ್ಪಿಂಗ್ ಬಿಲ್ಲು, ಈ ಅಳಲೆಕಾಯಿ ಇಂಡಿಯಾದ್ದೇ ಅಂತ ಒಂದು ಸರ್ಟಿಫಿಕೇಟು, ಇಂಡಿಯಾದ್ದೇ ಅಂದ ಸರ್ಟಿಫಿಕೇಟು ನಿಜವೇ ಅಂತ ಮತ್ತೊಂದು, ಒಂದೊಂದಕ್ಕೂ ಐದು ನಕಲು, ಅದನ್ನೆಲ್ಲ ಹಾಸನೂರಿನ ಒಂಟಿ ಸಲಗದ ಬೆನ್ನಿಗೆ ಹೇರಿದ್ದರೆ ಅದು ಮೊಣಕಾಲೂರಿ ಬುದ್ಧಿ ಬಂತು ಬುಡಿ ಅಂತಿತ್ತು — ಹಡಗಿನಲ್ಲಿ ಕಾಯಿ ಕಳಿಸುತ್ತೇನೆ ಅಂದದ್ದಕ್ಕೆ ಶುರುವಾದದ್ದು ಇದೆಲ್ಲ, ಏನ್ಲಾ ಜಡೆಯ, ತಾಳವಾಡಿ ಕೆರೆಗೂ ಅಡಗು ಬತ್ತದೇನ್ಲಾ, ಅಂದವನು ಗೆಟ್ಟವಾಡಿಯ ಚಿಕ್ಕಬಸಪ್ಪ, ದೊಡ್ಡಪ್ಪನ ಮಗ, ಸಂತೆಯ ನಡುವೆ, ನೂರು ಜನರ ಮುಂದೆ, ನೂರಲ್ಲ ಸಾವಿರ, ಬತ್ತದ ಕಣ್ಲಾ, ಬಂದಾಗ ನಿನ್ನ ಎಮ್ಮ ಕಟ್ಟಾಕು, ಬೆದರೀತು, ಅಂದಿದ್ದ ಇವನು.

ಹಾಗಂದ ಮೇಲೆ ಬಿಡುವುದುಂಟೆ, ಚಾಮರಾಜನಗರದ ಪ್ರೆಸ್ಸಿನಲ್ಲಿ ಲೆಟರ್‌ಹೆಡ್ಡು ಹೊಡೆಸಿದ, ಜಡೇಸ್ವಾಮಿ ಅಂಡ್ ಕಂಪನಿ, ಎಕ್ಸ್‌ಪೋರ್ಟರ್ಸ್, ಮೇಲೊಂದು ಹಡಗಿನ ಚಿತ್ರ, ಪ್ರೆಸ್ಸಿನವನು ಹಡಗು ನೋಡಿದವನಲ್ಲ, ಕಲಗಚ್ಚಿನ ಬಾನಿಗೆ ಬಾವುಟ ನೆಟ್ಟ ಹಾಗೆ ಬರೆದಿದ್ದ, ಪರವಾಗಿಲ್ಲ, ಜರ್ಮನಿಯವರಿಗೆ ತೊಗಲು ಹದ ಮಾಡಕ್ಕೆ ಅಳಲೆಕಾಯಿ ಬೇಕಂತೆ, ಮಂಡಿಯ ದಲ್ಲಾಳಿಗಳ ಕೈಗೆ ಸಿಗದೆ ನೇರ ತಾನೇ ಕಳಿಸುತ್ತೇನೆ ಅಂದ, ಮರದಿಂದ ಉದುರಿದ ಕಾಯಿ ನೆಟ್ಟಗೆ ಸಮುದ್ರಕ್ಕೆ ಬೀಳುತ್ತದೆ ಅಂದ, ಬಿದ್ದದ್ದು ಮದರಾಸಿನ ಹಡಗುಕಟ್ಟೆಯ ಶೆಡ್ಡಿನಲ್ಲಿ, ಅಲ್ಲೇ ಕೂತಿದೆ, ಹೊಟ್ಟೆ ಸೀಳಿಸಿಕೊಂಡು ಕೂತಿದೆ, ಮೂಟೆಗಳ ತೂಕ ಕಾಗದದಲ್ಲಿ ಬರೆದದ್ದಕ್ಕಿಂತ ಹೆಚ್ಚು ಬಂತಂತೆ, ಒಳಗೆ ಗಂಧದ ಚೆಕ್ಕೆ ಬಚ್ಚಿಟ್ಟಿದ್ದಾರೆ ಅಂತ ಕಸ್ಟಮ್ಸಿನವರು ಕುಯ್ದು ನೋಡಿದರಂತೆ, ಗಂಧ ಇಲ್ಲ, ಬರೀ ಕಾಯಿ, ಗಂಧ ಸಿಕ್ಕಿದ್ದರೆ ಅವರಿಗೂ ನೆಮ್ಮದಿ ಇರುತ್ತಿತ್ತು, ಅದಕ್ಕೆ ಸೆಕ್ಷನ್ ಇದೆ — ಬುದ್ದಿ, ಅಗಳಿ, ಅಲ್ಲಿ ಸಮುದ್ರ — ಯಾರು, ಮಾದಕ್ಕ, ಮುಂದಿನ ಸೀಟಿನಲ್ಲಿ ಕಿಟಕಿಗೆ ಮೂಗು ಹತ್ತಿಸಿ ಕೂತವಳು, ಬೆಟ್ಟದ ಹಾಡಿಯ, ಅವರ ಬಾಯಲ್ಲಿ ಪೋಡಿನ, ಸೋಲಿಗಿತ್ತಿ, ಇವನ ಗೋಡೌನಿನಲ್ಲಿ ಮೂಟೆ ತುಂಬುವವಳು, ತಿರುಗಿ ನೋಡುತ್ತಿದ್ದಾಳೆ, ಕಣ್ಣು ಇಷ್ಟಗಲ — ಅದು ಸಮುದ್ರ ಅಲ್ಲ ಕಣ ಮಾದಕ್ಕ, ಭವಾನಿಸಾಗರದ ಡ್ಯಾಮು — ಅಡಗು ಅದ್ರೊಳಗ ಇಡಿಯಕಿಲ್ವಾ — ಇಡಿಯಕಿಲ್ಲ — ಅಂಗಾರ ಅಡಗು ಬೋ ದೊಡ್ದು ಅನ್ನಿ, ಅಂತ ತೃಪ್ತಿಯಿಂದ ಮತ್ತೆ ಕಿಟಕಿಗೆ ತಿರುಗಿದಳು, ತಾನು ತುಂಬಿದ ಕಾಯಿ ಹೋಗುವ ಹಡಗು ಡ್ಯಾಮಿಗಿಂತ ದೊಡ್ಡದು ಅನ್ನುವುದು ಅವಳಿಗೆ ಸಾಕು, ಒಳ್ಳೆಯ ಸೀರೆ ಉಟ್ಟಿದ್ದಾಳೆ, ಮಗಳ ಮದುವೆಯಲ್ಲಿ ಉಟ್ಟದ್ದು, ಒಂದ್ ಎಬ್ಬೆಟ್ಟು ಒತ್ತಬೇಕು ಬಾ, ಕಾಫಿ ಕುಡ್ಸಿ ಸಂಜೆಗ ತಂದ್ ಬುಡ್ತೀನಿ ಅಂದದ್ದಕ್ಕೆ ಆ ಸೀರೆ ತೆಗೆದಿದ್ದಾಳೆ.

ಬೇವಿನ ಕಡ್ಡಿ ಕಚ್ಚಿದ ಹಾಗೆ ನಾಲಗೆ ಕಹಿ, ನೆನ್ನೆ ಗುರುಸ್ವಾಮಿ ಬಂದಾಗಲೇ ಕಹಿ ಶುರುವಾದದ್ದು, ಹಡಗುಕಟ್ಟೆಯ ಕಾಗದಪತ್ರ ನೋಡಿಕೊಳ್ಳುವ ಏಜೆಂಟಿನ ಕಡೆಯವನು ಗುರುಸ್ವಾಮಿ, ಸತ್ಯಮಂಗಲದವನು, ಬಿಳಿ ಪ್ಯಾಂಟು, ಎಷ್ಟು ಇಸ್ತ್ರಿ ಅಂದರೆ ಆ ಗೀರಿನಲ್ಲಿ ಬದನೆಕಾಯಿ ಹೆಚ್ಚಬಹುದು, ಗೋಡೌನಿನ ಜಗಲಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತ, ಸಾರ್, ಮೂಟೇಲಿ ಜಾಸ್ತಿ ಇರುಕ್ಕು, ಅದು ಏನು — ಏನಿಲ್ಲ, ಕೊಸರು — ಅಪ್ಪಡೀನ್ನಾ — ಅಂದ್ರೆ ಅಳತೆ ಮುಗಿದ ಮೇಲೆ ಒಂದು ಕೈ ಮೇಲೆ ಹಾಕೋದು, ರಾಗಿಗೂ ಹಾಕ್ತೀವಿ, ಅವರೆಕಾಯಿಗೂ ಹಾಕ್ತೀವಿ, ನಿಮ್ಮೂರಲ್ಲಿ ಹಾಕಲ್ವಾ — ಹಾಕ್ತೀವಿ ಸಾರ್, ಮಾರ್ಕೆಟ್‌ಲೆ ಹಾಕ್ತೀವಿ, ಜರ್ಮನಿಗೆ ಯಾರು ಹಾಕ್ತಾರೆ, ಅದು ಮಾರಿದ್ದಾ ಸಾರ್ — ಇಲ್ಲ — ಮಾರಿದ್ದಲ್ಲ ಅಂದ್ರೆ ಗಿಫ್ಟಾ — ಕೊಸರು ಯಾವತ್ತಾದ್ರೂ ಗಿಫ್ಟ್ ಆಗ್ತದಾ, ತಕ್ಕೊಳ್ಳೋನ ಹಕ್ಕು ಅದು — ಗಿಫ್ಟ್ ಅಂದ್ರೆ ಬೇರೆ ಪರ್ಮಿಷನ್ ಬೇಕು ಸಾರ್, ಸ್ಯಾಂಪಲ್ಲಾ — ಎಲ್ಲಾ ಮೂಟೇಲೂ ಸ್ಯಾಂಪಲ್ಲಾ — ಹಾಗಾದ್ರೆ ಏನು ಸಾರ್ — ಕೊಸರು — ಅದಕ್ಕೆ ಕಾಲಂ ಇಲ್ಲ ಸಾರ್, ಅಂದ ಗುರುಸ್ವಾಮಿ, ಪಾಪ, ಅವನಿಗೂ ಬೇಜಾರೇ, ಫಾರಂ ಬಿಚ್ಚಿ ತೋರಿಸಿದ, ದೇಶದ ಗಡಿ ದಾಟಿದ ಒಂದೊಂದು ಕಾಯಿಗೂ ಬೆಲೆ ತರಿಸುತ್ತೇನೆ ಅಂತ ರಿಸರ್ವ್ ಬ್ಯಾಂಕಿಗೆ ಬರೆದುಕೊಟ್ಟ ಮುಚ್ಚಳಿಕೆ, ಕೆಳಗೆ ಇವನದೇ ಸಹಿ, ಬೆಲೆಯಿಲ್ಲದೆ ಕಾಯಿ ಕಳಿಸಿದರೆ ದೇಶಕ್ಕೆ ಮೋಸ ಸಾರ್, ಅಂದ, ಜಡೇಸ್ವಾಮಿ ಆ ಫಾರಮನ್ನು ನೆಟ್ಟಗೆ ನೋಡಿದ, ತಿರುಗಿಸಿ ನೋಡಿದ, ಹಿಂದೆ ಮುಂದೆ ಮನೆಮನೆಯಾಗಿ ಗೀಟು, ಒಂದು ಬೊಗಸೆ ಹಿಡಿಸುವ ಮನೆ ಒಂದೂ ಇಲ್ಲ, ಎರಡು ಸರಕಾರಗಳನ್ನು ಜೇಬಿನಲ್ಲಿ ಹಾಕಿಕೊಂಡು ಈ ಗಡಿ ಊರಿನಲ್ಲಿ ತಿರುಗುವವನು, ತಮಿಳಿನಲ್ಲಿ ಬೈದರೆ ಕನ್ನಡದಲ್ಲಿ ನಗುವವನು, ಕೊಸರು ಎಲ್ಲಿ ಬರೆಯಲಿ ಅಂತ ಮಗುವಿನ ಹಾಗೆ ಕೂತ, ಒಂದು ದಾರಿ ಇರುಕ್ಕು ಸಾರ್, ಅಂದ ಗುರುಸ್ವಾಮಿ.

ಆ ದಾರಿ ಈಗ ಜೇಬಿನಲ್ಲಿದೆ, ಇಂಗ್ಲೀಷಿನಲ್ಲಿ ಟೈಪು ಹೊಡೆದಿದೆ, ಕೂಲಿಯವಳಾದ ಮಾದಕ್ಕ ತನ್ನಷ್ಟಕ್ಕೆ ತಾನೇ ಮೂಟೆಗಳಿಗೆ ಹೆಚ್ಚಿನ ಕಾಯಿ ಸೇರಿಸಿದಳು, ಕಂಪನಿಯ ಒಡೆಯ ಜಡೇಸ್ವಾಮಿಗೆ ಗೊತ್ತಿಲ್ಲ, ಅಷ್ಟೇ, ಅವಳ ಹೆಬ್ಬೆಟ್ಟು ಬಿದ್ದರೆ ನೋಟರಿ ಸೀಲು ಹೊಡೆಯುತ್ತಾನೆ, ಗುರುಸ್ವಾಮಿ ಕಾಗದ ಹಿಡಿದು ಮದರಾಸಿಗೆ ಹಾರುತ್ತಾನೆ, ಹಡಗು ಈ ವಾರ ಹೊರಡುತ್ತದೆ, ಕಾಯಿ ಹತ್ತುತ್ತದೆ, ಚಿಕ್ಕಬಸಪ್ಪ ಎಮ್ಮೆ ಕಟ್ಟಿಹಾಕಿಕೊಳ್ಳುತ್ತಾನೆ — ಅವಳಿಗೇನಾಗ್ತದೆ ಗುರುಸ್ವಾಮಿ — ಏನಾಗ್ತದೆ ಸಾರ್, ಕಾಟಿಲಿರೋ, ಕಾಡಿನ ಹೆಂಗಸು — ಕಾಡಿಲಾಖೆಗೂ ಒಂದು ನಕಲು ಹೋಗ್ತದಾ — ರೂಲ್ಸ್ ಪ್ರಕಾರ ಹೋಗ್ತದೆ ಸಾರ್, ಯಾರು ಓದ್ತಾರೆ — ಓದುತ್ತಾರೆ, ಅದೊಂದನ್ನು ಮಾತ್ರ ಓದುತ್ತಾರೆ, ಕಾಡಿನ ಪಾಸಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ಕಾಯಿ ಅಂದರೆ ಕದ್ದ ಕಾಯಿ, ಹೋದ ವರ್ಷ ಅವಳ ತಮ್ಮ ರಾಚ ಪಾಸಿಲ್ಲದೆ ಒಂದು ಮಡಿಲು ಅಂಟುವಾಳ ತಂದದ್ದಕ್ಕೆ ಯಾವನೋ ಒಬ್ಬ ಗಾರ್ಡು ಆ ಸುಗ್ಗಿ ಪೂರ್ತಿ ಇಡೀ ಪೋಡಿನವರನ್ನು ಕಾಡಿಗೆ ಬಿಡಲಿಲ್ಲ, ಜೇನಿಲ್ಲ, ಸೀಗೆಯಿಲ್ಲ, ಗೆಡ್ಡೆ ಅಗೆಯಕ್ಕೂ ಇಲ್ಲ, ಈಗ ಅವಳೇ ಬೆರಳೊತ್ತಿ ಒಪ್ಪಿಕೊಂಡ ಕಾಗದ ಸಿಕ್ಕರೆ — ಇಲ್ಲ, ಏನೂ ಆಗಲ್ಲ, ತಾನಿಲ್ಲವೇ, ಜಡೇಸ್ವಾಮಿ ಇಲ್ಲವೇ, ರೇಂಜರ್ ಹತ್ತಿರ ಹೋಗಿ ಎರಡು ಮಾತಾಡಿದರೆ ಕಾಡು ಎದ್ದು ನಿಂತು ದಾರಿ ಬಿಡುತ್ತದೆ, ರಾಚನ ಪರವಾಗಿಯೂ ಹೋಗಿ ಮಾತಾಡುತ್ತೇನೆ ಅಂದಿದ್ದ, ಹೋದನೇ, ಹೋಗಿರಬೇಕು, ಲೆಟರ್‌ಹೆಡ್ಡು ತರಲು ಹೋದ ದಿನ ಅದು, ಹೋಗಲಿಲ್ಲ.

ಘಾಟಿ ಮುಗಿದು ಬಣ್ಣಾರಿ ದಾಟಿತೇ, ಕಿಟಕಿಯಲ್ಲಿ ಬಿಸಿಗಾಳಿ, ಮಾದಕ್ಕ ಕಂಬಿ ಹಿಡಿದುಕೊಂಡಿದ್ದಾಳೆ, ಆ ಕೈ, ಅಳಲೆಕಾಯಿಯ ಒಗರು ಹತ್ತಿ ಉಗುರೆಲ್ಲ ಕಪ್ಪು, ಆ ಹೆಬ್ಬೆರಳು ಅಗಲವಾಗಿ ಚಪ್ಪಟೆಯಾಗಿ ಕಂಬಿಯ ಮೇಲೆ ಕೂತಿದೆ, ನೋಡಬಾರದು, ಹೊರಗೆ ನೋಡಬೇಕು, ಹೊರಗೆ ಹುಣಿಸೆ ಮರ, ಮತ್ತೆ ಹೆಬ್ಬೆರಳು, ತೂಕದ ದಿನವೂ ಅದೇ, ತಕ್ಕಡಿಯ ಕೋಲು ನೆಟ್ಟಗೆ ನಿಂತಿತು, ತೂಗುವವನು ಮೊದಲ ಮೂಟೆಗೆ ಒಂದು ಅನ್ನದೆ ಲಾಭ ಅಂತ ಕೂಗಿದ, ಎರಡು ಅಂದ, ಮೂರು ಅಂದ, ಸರಿಯಾದ ತೂಕವನ್ನು ಚೀಟಿಯಲ್ಲಿ ಬರೆದಾಯಿತು, ಆಮೇಲೆ ಮೂಟೆಯ ಬಾಯಿ ಹೊಲಿಯುವ ಮೊದಲು ಅವಳು ಬೊಗಸೆ ತುಂಬಿ ಮೇಲೆ ಸುರಿದಳು, ಯಾರು ಹೇಳಿದರು ಸುರಿಯೆಂದು, ತಾನಂತೂ ಒಳಗೆ ಲೆಕ್ಕ ಬರೆಯುತ್ತಿದ್ದ, ನೋಡೇ ಇಲ್ಲ, ಕಾಗದದಲ್ಲಿ ಇರುವುದು ಅಕ್ಷರಕ್ಕಕ್ಷರ ನಿಜ, ಗೊತ್ತಿಲ್ಲ — ಒಳಗಿದ್ದರೆ ಬಾಯಲ್ಲಿ ಎಲೆಯಡಿಕೆ ಹೇಗಿತ್ತು, ಒಳಗೆ ಎಲೆ ಹಾಕಲ್ಲ, ಜಗಲಿಯಲ್ಲಿ ನಿಂತಿದ್ದ, ಉಗುಳು ತುಂಬಿಕೊಂಡು ನಿಂತಿದ್ದ, ಗೋಣಿಯ ಒದ್ದೆ ವಾಸನೆ ಮೂಗಿನಲ್ಲಿತ್ತು, ನಿಂತಿದ್ದ ಸರಿ, ಏನೂ ಹೇಳಲಿಲ್ಲ, ಉಗುಳು ತುಂಬಿದ ಬಾಯಲ್ಲಿ ಏನು ಹೇಳುತ್ತಾನೆ — ಉಗುಳಿದ, ಪಿಚ್ಚಂತ ಉಗುಳಿ ಹೇಳಿದ, ಮಾದಕ್ಕ, ಕೈ ಚಿಕ್ದು ಮಾಡ್ಬ್ಯಾಡ, ಇದು ಚಾಮ್ರಾಜ್‌ನಗರದ ಸಂತಗ ಓಗದಲ್ಲ, ಏಳು ಸಮುದ್ರ ದಾಟಿ ಓಗದು, ಆಕು ಇನ್ನೊಂದ್ ಕೈ, ತಾಳವಾಡಿಯೋರು ಅಂದ್ರ ಯಾರು ಅಂತ ಗೊತ್ತಾಗ್ಲಿ ಆ ಬಿಳೀರ್‌ಗ — ಅವಳು ಹಲ್ಲು ಬಿಟ್ಟಳು, ಅಂಗ ಅನ್ನಿ ಬುದ್ದಿ, ಕೊಸರು ಆಕದು ಯಾಕ, ತಿರ್ಗಾ ಬರ್ಲಿ ಅಂತ ಕಣ, ಸಮಸಮ ಕೊಟ್ಬುಟ್ರ ಮುಂದ್ಲು ವರ್ಸ ಮರ ಕೈ ಬಿಗಿ ಮಾಡ್ತದ — ಹಾಕಿದಳು, ಇನ್ನೊಂದು ಕೈ ಹಾಕಿದಳು, ಹಾಗಂದವನು ತಾನೇ, ಅಂದನೇ, ಅಂದಿದ್ದರೂ ತಮಾಷೆಗೆ, ತಮಾಷೆಗೆ ಅಂದದ್ದಕ್ಕೆ ಯಾವ ಕಾಲಂ.

ಬಸ್ಸು ನಿಂತಿತು ಅಂತ ಗೊತ್ತಾಗುವ ಮೊದಲೇ ನಡೆಯುತ್ತಿದ್ದಾನೆ, ಸತ್ಯಮಂಗಲದ ಬಿಸಿಲು ನೆತ್ತಿಯ ಮೇಲೆ ದೋಸೆ ಹುಯ್ಯುತ್ತಿದೆ, ಹಿಂದೆ ಮಾದಕ್ಕ, ಬುದ್ದಿ, ಎಬ್ಬೆಟ್ಟು ಯಾತಕ್ಕ — ಕಾಯಿ ತುಂಬಿದ್ದು ನೀನೇ ಅಂತ ಏಳಕ್ಕ — ಅದು ಯಾರ್‌ಗ ಗೊತ್ತಿಲ್ಲ, ನಾನೇ ತುಂಬಿದ್ದು, ಜರ್ಮನಿಯೋರ್‌ಗ ನನ್ ಎಸರು ಗೊತ್ತಾದದಾ — ಗೊತ್ತಾದದು ನಡಿ — ಹೇಳಿಬಿಡಲೇ, ನಿಲ್ಲಿಸಿ, ಇಲ್ಲೇ, ಈ ಬಾಳೆಕಾಯಿ ಗಾಡಿಯ ಪಕ್ಕದಲ್ಲಿ, ಮಾದಕ್ಕ ಇದು ಹಿಂಗಿಂಗೆ ಅಂತ, ಹೇಳಿದರೆ ಏನಂತಾಳೆ, ಒತ್ತಲ್ಲ ಅಂದರೆ ಕಾಯಿ ಅಲ್ಲೇ ಕೊಳೆಯುತ್ತದೆ, ಲೈಸೆನ್ಸು ಹೋಗುತ್ತದೆ, ಒತ್ತುತ್ತೀನಿ ಅಂದರೆ, ಗೊತ್ತಿದ್ದೂ ಒತ್ತುತ್ತೀನಿ ಬುಡಿ ಬುದ್ದಿ ಅಂದರೆ, ಅದಕ್ಕಿಂತ ಕೇಡಿಲ್ಲ, ಸಂತೆಯನ್ನೆಲ್ಲ ಮಾತಿನಲ್ಲಿ ಮುಳುಗಿಸುವವನು ಕಾಲು ಬೀಸಿ ಹಾಕಿದ, ಕೋರ್ಟಿನ ಬೇವಿನ ಮರ ಬಂದುಬಿಟ್ಟಿತು, ಕೆಳಗೆ ಟೈಪು ಹೊಡೆಯುವವನ ಮೇಜು, ಪಕ್ಕದಲ್ಲಿ ಗುರುಸ್ವಾಮಿ, ಅದೇ ಪ್ಯಾಂಟು, ವಾಂಗ ಸಾರ್, ಟೈಮಾಯ್ತು, ಕೊಡಿ ಇಲ್ಲಿ, ಜೇಬಿನಿಂದ ಕಾಗದ ತಾನೇ ಹೊರಗೆ ಬಂತು, ಮೇಜಿನ ಮೇಲೆ ಹರಡಿತು, ಮಸಿಯ ಡಬ್ಬಿ ತೆರೆಯಿತು, ಬಾಮ್ಮಾ, ಇಲ್ಲಿ, ಗೀಟು ಹಾಕಿದ ಮನೆಯೊಳಗೆ, ಮಾದಕ್ಕ ಸೆರಗು ಸರಿಮಾಡಿಕೊಂಡಳು, ಹೆಬ್ಬೆರಳನ್ನು ಮಸಿಗೆ ಅದ್ದಿದಳು, ಮೊದಲೇ ಕಪ್ಪು, ಇನ್ನಷ್ಟು ಕಪ್ಪಾಯಿತು, ಒತ್ತಿದಳು, ಮನೆಯೊಳಗೆ, ಅಚ್ಚುಕಟ್ಟಾಗಿ — ಆಯ್ತು, ಅಂದ ಗುರುಸ್ವಾಮಿ, ಕಾಗದ ಎಳೆದುಕೊಳ್ಳಲು ಕೈ ಚಾಚಿದ — ವಸಿ ತಡೀರಿ ಸಾಮಿ, ಅಂದಳು, ಮತ್ತೆ ಅದ್ದಿ, ಮನೆಯಿಂದಾಚೆ, ಮೇಲಿನ ಸಾಲಿನಲ್ಲಿ, ಇನ್ನೊಂದು ಒತ್ತಿದಳು, ನಿಧಾನವಾಗಿ, ಬೆರಳನ್ನು ಎಡಕ್ಕೂ ಬಲಕ್ಕೂ ಹೊರಳಿಸಿ, ತುಂಬಾ ಬೀಳುವ ಹಾಗೆ — ಏನಮ್ಮಾ ಇದು, ಒಂದು ಸಾಕು ಅಲ್ವಾ — ಒಂದೇ ಕೊಟ್ರ ಬಿಗಿಯಾಯ್ತದ ಸಾಮಿ, ಬುದ್ದಿಯೋರ ಕೆಲ್ಸ, ಇನ್ನೊಂದು ಇರ್ಲಿ.

ಹಾಳಾಯ್ತು ಸಾರ್, ನಿಮ್ ಪೇರ್ ಮೇಲೇ, ನಿಮ್ ಹೆಸರ್ ಮೇಲೇ ಹಾಕ್ಬಿಟ್ಟಳು, ಏನೂ ಕಾಣ್ತಿಲ್ಲ, ಬೇರೆ ಹೊಡೆಸೋಣ, ಅಂದ ಗುರುಸ್ವಾಮಿ, ಟೈಪಿನವನು ಆಗಲೇ ಹೊಸ ಹಾಳೆ ಸುತ್ತುತ್ತಿದ್ದಾನೆ, ಅದೇ ಮ್ಯಾಟರಾ ಸಾರ್ — ಅದೇ, ಅಂತಾನೆ ಗುರುಸ್ವಾಮಿ, ಅಲ್ಲ, ಅಂತಾರೆ ಯಾರೋ, ಯಾರದು, ಈ ಕಂಠ ಯಾರದು, ಜಡೇಸ್ವಾಮಿ ತಿರುಗಿ ನೋಡಿದ, ಹಿಂದೆ ಯಾರೂ ಇಲ್ಲ, ಬಾಯಿ ತೆರೆದಿರುವುದು ತನ್ನದೇ — ಅಲ್ಲ, ಹಾಕ್ಸಿದ್ದು ನಾನು ಅಂತ ಹೊಡಿ, ಜಡೇಸ್ವಾಮಿಯಾದ ನಾನೇ ನಿಂತು ಹಾಕ್ಸಿದ್ದು ಅಂತ — ಸಾರ್, ಯೋಚ್ನೆ ಮಾಡಿ ಸಾರ್, ಮಾಲು ಹೋಯ್ತು ಅಂತ ಲೆಕ್ಕ, ಗುರುಸ್ವಾಮಿ ತೋಳು ಹಿಡಿದು ಅಲ್ಲಾಡಿಸುತ್ತಿದ್ದಾನೆ, ದೂರದಿಂದ ಅಲ್ಲಾಡಿಸಿದ ಹಾಗಿದೆ, ಟೈಪಿನವನ ಬೆರಳು ಗುಂಡಿಗಳ ಮೇಲೆ ಕಾಯುತ್ತಿದೆ, ಏನು ಹಾಕ್ಸಿದ್ದು ಸಾರ್, ಇಂಗ್ಲೀಷ್‌ನಲ್ಲಿ ಏನಂತ ಹೊಡೀಲಿ — ಏನಂತ, ಗಿಫ್ಟಲ್ಲ, ಸ್ಯಾಂಪಲ್ಲಲ್ಲ, ಮಾರಿದ್ದಲ್ಲ, ಕದ್ದದ್ದಲ್ಲ, ಏನಂತ, ಹೇಳಿ ಸಾರ್ — ಮಾದಕ್ಕ ಬೆರಳು ಒರೆಸಿಕೊಳ್ಳದೆ ನಿಂತಿದ್ದಾಳೆ, ಇನ್ನೂ ಬೇಕಾದರೆ ಕೊಡಲು — ಮೇಜಿನ ಮೇಲೆ ಹಳೆಯ ಹಾಳೆ, ಹಾಳೆಯ ಮೇಲೆ ಅದು, ಅಗಲವಾಗಿ, ಚಪ್ಪಟೆಯಾಗಿ, ಗೀರುಗೀರಾಗಿ, ಅವನ ಹೆಸರಿದ್ದ ಜಾಗದಲ್ಲಿ ಆ ಎರಡನೆಯ ಹೆಬ್ಬೆಟ್ಟು, ಹೇಳಿ ಸಾರ್, ಮಸಿ ಇನ್ನೂ ಒದ್ದೆ, ಹೊಳೆಯುತ್ತಿದೆ, ಹೇಳಿ ಸಾರ್, ಅಳತೆ ಮುಗಿದ ಮೇಲೆ ಬಿದ್ದ ಆ ಎರಡನೆಯ ಹೆಬ್ಬೆಟ್ಟು —