ಧಾಪೂಬಾಯಿಯ ಹಾಲೆಂಡ್ ಸೊಸೆ

ಹಾಲೆಂಡಿನ ಮಾರೈಕೆ ಬೂಂದಿ ಎಂಬ ಊರಿಗೆ ಬರುವ ಮೊದಲೇ ಅವಳ ಪತ್ರ ಬಂದಿತ್ತು. ತನಗೆ ಹೋಟೆಲು ಬೇಡ, ಕೋಟೆ ಅರಮನೆ ಬೇಡ, ಏಳು ದಿನ ಮನೆಮಗಳ ಹಾಗೆ ಇದ್ದು ನಿಜವಾದ ಭಾರತವನ್ನು ನೋಡಬೇಕು ಎಂದು ಬರೆದಿದ್ದಳು. ಮನೆಯಲ್ಲಿ ಪ್ರವಾಸಿಗರನ್ನು ಇಟ್ಟುಕೊಳ್ಳುತ್ತಿದ್ದ ಮದನ್‌ಲಾಲ್ ಅದನ್ನು ಹೆಂಡತಿಗೆ ಓದಿ ಹೇಳಿ, ನಿಂತ ಕಾಲಿನಲ್ಲೇ ಮನೆಯನ್ನು ನಿಜ ಮಾಡಲು ಹೊರಟ. ಮಿಕ್ಸಿ ಅಟ್ಟಕ್ಕೆ ಹೋಯಿತು. ಗ್ಯಾಸ್ ಒಲೆಗೆ ಪರದೆ ಬಿತ್ತು. ವಾಷಿಂಗ್ ಮೆಷಿನ್ ಮೇಲೆ ಹಳೇ ರಜಾಯಿ ಹೊದಿಸಿ, ಅದರ ಮೇಲೆ ಗಣಪತಿಯನ್ನು ಕೂರಿಸಿದ. ಮಹಡಿಯ ಮೇಲೆ ಮಣ್ಣಿನ ಒಲೆ ಎದ್ದಿತು.

"ಹನ್ನೊಂದು ವರ್ಷ ಆಯ್ತು ರೀ ನಾನು ಒಲೆ ಊದಿ. ಕಣ್ಣು ಹೋಗತ್ತೆ," ಅಂದಳು ಸಂತೋಷ್‌ಬಾಯಿ.

"ಕಣ್ಣಲ್ಲಿ ಸ್ವಲ್ಪ ನೀರು ಬಂದ್ರೆ ಇನ್ನೂ ಒಳ್ಳೇದು. ಅವರಿಗೆ ಅದೇ ಬೇಕಿರೋದು," ಅಂದ ಗಂಡ.

ಮಾರೈಕೆಗೆ ಐವತ್ತರ ಮೇಲೆ ವಯಸ್ಸು; ಸೀರೆ ಉಟ್ಟ ಆಳೆತ್ತರದ ಹೆಂಗಸು. ಬಂದವಳೇ ಎಲ್ಲರ ಕಾಲಿಗೂ ಬಿದ್ದಳು. ಸಂತೋಷ್‌ಬಾಯಿಯ ಅತ್ತೆ ಧಾಪೂಬಾಯಿಯ ಕಾಲಿಗೆ ಬಿದ್ದಳು, ಅದು ಸರಿ. ಹಾಲು ಹಾಕಲು ಬಂದವನ ಕಾಲಿಗೂ ಬಿದ್ದಳು. ಅವನು ಕ್ಯಾನು ಅಲ್ಲೇ ಬಿಟ್ಟು ಎರಡು ಮೆಟ್ಟಿಲು ಹಿಂದಕ್ಕೆ ಹಾರಿದ. ಅವಳು ತನ್ನೂರಿನಲ್ಲಿ ನಾಲ್ಕು ವರ್ಷ ಹಿಂದಿ ಕಲಿತಿದ್ದಳು. ಯಾರ ಹತ್ತಿರ ಕಲಿತಳೋ, ಬಾಯಿ ತೆರೆದರೆ ಪುರಾಣ ಓದಿದ ಹಾಗಿರುತ್ತಿತ್ತು.

"ಭಗಿನೀ, ಕಿಂಚಿತ್ ಜಲವನ್ನು ದಯಪಾಲಿಸುವಿರಾ?"

ಧಾಪೂಬಾಯಿ ಸೊಸೆಯ ಕಡೆ ತಿರುಗಿ, "ಏನಂತೆ ಇವಳಿಗೆ? ಪೂಜೆ ಮಾಡಿಸಬೇಕಂತಾ?" ಎಂದು ಕೇಳಿದಳು.

"ಕುಡಿಯೋಕೆ ನೀರು ಕೇಳ್ತಿದ್ದಾಳೆ ಅತ್ತೆ."

ಮೊದಲ ಎರಡು ದಿನ ಮಾರೈಕೆ ಮನೆಮಗಳಾಗಿದ್ದಳು. ಅಂದರೆ ಒಲೆಯ ಪಕ್ಕ ಕೂತು, ಸಂತೋಷ್‌ಬಾಯಿ ಕೆಮ್ಮುತ್ತ ಮೆಕ್ಕೆಜೋಳದ ರೊಟ್ಟಿ ತಟ್ಟುವುದನ್ನು ನೋಡಿ, "ಆಹಾ, ಎಂತಹ ಸರಳ ಜೀವನ!" ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಹೊಗೆ ಬಂದರೆ ಕಣ್ಣು ಮುಚ್ಚಿ ಮೂಗಿನ ತುಂಬ ಎಳೆದುಕೊಳ್ಳುತ್ತಿದ್ದಳು. ನೋಡಿದ್ದು ಸಾಲದು ಎಂದು ಪಾಠವನ್ನೂ ಶುರು ಮಾಡಿದಳು. ಮೊಸರಿನ ಜೊತೆ ಮೂಲಂಗಿ ವಿರುದ್ಧಾಹಾರವಂತೆ. ಉತ್ತರಕ್ಕೆ ತಲೆ ಹಾಕಿ ಮಲಗಬಾರದಂತೆ. ಟೀ ಅಂತೂ ಇಂಗ್ಲಿಷರು ಹೇರಿದ ದಾಸ್ಯದ ಗುರುತಂತೆ. ಅತಿಥಿಯ ಮಾತು ಮೀರಬಾರದೆಂದು ಮದನ್‌ಲಾಲ್ ಮನೆಯಲ್ಲಿ ಟೀ ನಿಲ್ಲಿಸಿ ತುಳಸಿ ಕಷಾಯ ಮಾಡಿಸಿದ. ತಾನು ಮಾತ್ರ ಹೊತ್ತಿಗೆ ಸರಿಯಾಗಿ ದೇವಸ್ಥಾನಕ್ಕೆ ಹೋಗಿಬರುತ್ತೇನೆ ಎಂದು ಚೌಕದ ಟೀ ಅಂಗಡಿಯಲ್ಲಿ ಕೂರುತ್ತಿದ್ದ.

ಮೂರನೇ ದಿನ ಬೆಳಿಗ್ಗೆ ಸಂತೋಷ್‌ಬಾಯಿಗೆ ತಲೆ ಸಿಡಿಯುತ್ತಿತ್ತು. ಒಲೆ ಹತ್ತುತ್ತಿರಲಿಲ್ಲ. ಪಕ್ಕದಲ್ಲಿ ಮಾರೈಕೆ, "ಭಗಿನೀ, ತಾವು ಅಗ್ನಿಯನ್ನು ಪ್ರೀತಿಯಿಂದ ಆಹ್ವಾನಿಸುತ್ತಿಲ್ಲ," ಅಂದಳು.

ಸಂತೋಷ್‌ಬಾಯಿ ಊದುಕೊಳವೆಯನ್ನು ಕೆಳಗಿಟ್ಟಳು.

"ನೋಡಮ್ಮ, ನೀನು ಮಗಳಾಗಿ ಬಂದಿದ್ದೇ ತಪ್ಪು. ಮಗಳು ತವರಿಗೆ ಬರೋದು ತಿಂದು ಮಲಗೋಕೆ. ಅವಳಿಗೇನು ಗೊತ್ತಾಗತ್ತೆ? ನಿಜವಾದ ಭಾರತ ನೋಡಬೇಕು ಅಂದ್ರೆ ಸೊಸೆಯಾಗಬೇಕು."

ಮಾರೈಕೆಯ ಮುಖ ಅರಳಿತು. "ಸತ್ಯವಚನ! ನನ್ನನ್ನು ಸೊಸೆಯನ್ನಾಗಿ ಸ್ವೀಕರಿಸಿ."

"ನಾನಲ್ಲ. ನನ್ನತ್ತೆ ಸ್ವೀಕರಿಸ್ತಾರೆ."

ಧಾಪೂಬಾಯಿಗೆ ಎಂಬತ್ತೊಂದು. ಧಾಪೂ ಎಂದರೆ ಅವರ ಮಾತಿನಲ್ಲಿ ಸಾಕು; ಸಾಲಾಗಿ ನಾಲ್ಕು ಹೆಣ್ಣು ಹುಟ್ಟಿದ ಮೇಲೆ, ಸಾಕಪ್ಪಾ ಎಂದು ತಂದೆತಾಯಿ ಇಟ್ಟ ಹೆಸರು ಅದು. ಆ ಸಿಟ್ಟನ್ನು ಮುದುಕಿ ಮದುವೆಯಾಗಿ ಬಂದ ಮನೆಯಲ್ಲಿ ಚೆನ್ನಾಗಿ ತೀರಿಸಿಕೊಂಡಿದ್ದಳು. ಮಂಡಿ ನೋವು ಬಂದು ಹಾಸಿಗೆ ಹಿಡಿದ ಮೇಲೆ ಕೆಲಸ ಹೇಳಲು ಸಿಕ್ಕವಳು ಒಬ್ಬಳೇ ಸೊಸೆ. ಅವಳೂ ಈಚೆಗೆ ಎದುರು ಮಾತಾಡಲು ಕಲಿತಿದ್ದಳು. ಈಗ ಹೊಸ ಸೊಸೆ ಸಿಕ್ಕಳು. ಮುದುಕಿ ಗೋಡೆ ಹಿಡಿದು ಎದ್ದು ಕೂತಳು.

"ಮೊದಲು ಸೆರಗು ಮುಖದ ಮೇಲೆ ಎಳಕೋ. ಅತ್ತೆ ಎದುರು ಹೀಗೆ ಹಲ್ಲು ಬಿಡ್ತಾರಾ? ಆಮೇಲೆ ಆ ಗೋಧಿ ಮೂಟೆ ಬಿಚ್ಚು."

ಮಧ್ಯಾಹ್ನದವರೆಗೂ ಮಾರೈಕೆ ಗೋಧಿಯಲ್ಲಿ ಕಲ್ಲು ಆರಿಸಿದಳು. ಇದು ಧ್ಯಾನ ಎಂದಳು. "ಧ್ಯಾನ ಆಮೇಲೆ ಮಾಡು, ಅಲ್ಲಿ ಕಲ್ಲು ಬಿಟ್ಟಿದ್ದೀಯ," ಎಂದಳು ಮುದುಕಿ. ಊಟವಾದ ಮೇಲೆ ಕಾಲು ಒತ್ತಲು ಕೂರಿಸಿದಳು. ಅಷ್ಟು ಹೊತ್ತಿಗೆ ಸುದ್ದಿ ಗಲ್ಲಿಗೆಲ್ಲ ಹರಡಿ ಏಳೆಂಟು ಹೆಂಗಸರು ಬಂದು ಸುತ್ತ ಕೂತರು. ಎಲ್ಲರ ಕೈಯಲ್ಲೂ ಫೋನು. ಊರಲ್ಲಿ ಕಂಡವರ ಮುಖಕ್ಕೆಲ್ಲ ಕ್ಯಾಮೆರಾ ಹಿಡಿದಿದ್ದ ಮಾರೈಕೆಯ ಬೆವರಿಳಿದ ಮುಖವನ್ನು ಹೆಂಗಸರು ಸೆರಗು ಸರಿಸಿ ಸರಿಸಿ ತೆಗೆದರು.

"ಗಂಡ ಎಲ್ಲಿ?" ಎಂದು ಕೇಳಿದಳು ಒಬ್ಬಳು.

"ನಾವು ಪ್ರತ್ಯೇಕವಾದೆವು. ಇಬ್ಬರೂ ಭಿನ್ನ ದಿಕ್ಕುಗಳಲ್ಲಿ ಬೆಳೆದೆವು."

ಧಾಪೂಬಾಯಿ ಇನ್ನೊಂದು ಕಾಲು ಚಾಚಿದಳು. "ನಾವೂ ಬೇರೆ ಬೇರೆ ದಿಕ್ಕಿಗೇ ಬೆಳೆದಿದ್ದು. ಗೋಡೆ ಅಡ್ಡ ಬಂತು, ಅಲ್ಲೇ ನಿಂತ್ವಿ. ಹೂಂ, ಒತ್ತು. ಕೈಯಲ್ಲಿ ಜೀವ ಇಲ್ವಾ ನಿಂಗೆ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಸಂಬಳ ಎಷ್ಟು, ಮಕ್ಕಳು ಯಾಕಿಲ್ಲ, ಈ ವಯಸ್ಸಲ್ಲಿ ಒಬ್ಬಳೇ ತಿರುಗುತ್ತೀಯಲ್ಲ, ಮನೆಯಲ್ಲಿ ಹೇಳಿ ಬಂದಿದ್ದೀಯಾ ಎಂದು ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಮಾರೈಕೆ ಪುಸ್ತಕ ತೆಗೆಯಲೇ ಇಲ್ಲ.

ನಾಲ್ಕನೇ ದಿನ ಮುದುಕಿ ಬಟ್ಟೆ ಒಗೆಯಲು ಹಾಕಿದಳು. ನಾಲ್ಕು ಜನರ ಬಟ್ಟೆ, ಮೇಲೆ ಇಡೀ ಚಳಿಗಾಲದ ಹೊದಿಕೆಗಳು. ಅಂಗಳದ ಕಲ್ಲಿನ ಮೇಲೆ ತಿಕ್ಕಿ ಕುಕ್ಕಿ ಮಾರೈಕೆಯ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಒಳಗಿನಿಂದ, "ಇದೇನು ಒಗೆಯೋದಾ, ಬಟ್ಟೆಗೆ ಸಮಾಧಾನ ಹೇಳೋದಾ?" ಎಂದು ಮುದುಕಿಯ ಕೂಗು. ಮಾರೈಕೆ ಕಲ್ಲಿನ ಮೇಲೆ ಕೂತು ಅಳತೊಡಗಿದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಂತೋಷ್‌ಬಾಯಿಗೆ ಮೊದಲು ನಗು ಬಂತು. ಆಮೇಲೆ ನಗು ಅರ್ಧಕ್ಕೇ ನಿಂತಿತು. ಇಪ್ಪತ್ತಾರು ವರ್ಷದ ಹಿಂದೆ ಇದೇ ಕಲ್ಲಿನ ಮೇಲೆ ಕೂತು ತಾನೂ ಅತ್ತಿದ್ದಳು. ಆಗ ಯಾರೂ ಅದನ್ನು ಸಂಸ್ಕೃತಿ ಎನ್ನಲಿಲ್ಲ, ಮೂಲೆಮನೆಯ ಸೋಮಾರಿ ಸೊಸೆ ಅಂದಿದ್ದರು. ಇವಳಿಗೆ ಎರಡೇ ದಿನಕ್ಕೆ ಅಳುವ ಹಕ್ಕು ಬಂತಲ್ಲ ಎಂದು ಹೊಟ್ಟೆ ಉರಿಯಿತು. ಆದರೂ ಅರಿಸಿನ ಹಚ್ಚಲು ಹತ್ತಿರ ಹೋದಳು.

ಮಾರೈಕೆ ಎದ್ದು, ಕೈ ಒರೆಸಿಕೊಳ್ಳಲು ಮೂಲೆಯ ರಜಾಯಿಯ ಅಂಚು ಎಳೆದಳು. ರಜಾಯಿ ಜಾರಿತು. ಗಣಪತಿಯನ್ನು ಸಂತೋಷ್‌ಬಾಯಿ ಓಡಿ ಹಿಡಿದುಕೊಂಡಳು. ಕೆಳಗೆ ಬಿಳಿ ವಾಷಿಂಗ್ ಮೆಷಿನ್ ಹೊಳೆಯುತ್ತ ನಿಂತಿತ್ತು.

"ಇದು ವಂಚನೆ!" ಎಂದು ಕೂಗಿದಳು ಮಾರೈಕೆ. "ಇದು ನಿಜವಾದ ಭಾರತವಲ್ಲ!"

"ನಿಮ್ಮನೇಲಿ ಇದೆಯಾ ಇದು?"

"ಇದೆ."

"ಹಾಗಾದ್ರೆ ನಿಮ್ದು ನಿಜವಾದ ಹಾಲೆಂಡ್ ಅಲ್ವಾ?"

ಮಾರೈಕೆ ಬಾಗಿ ಉಳಿದ ಬಟ್ಟೆಗಳನ್ನು ಮೆಷಿನ್ನಿಗೆ ತುಂಬಿ, ಸರಿಯಾದ ಗುಂಡಿ ಹುಡುಕಿ ಒತ್ತಿದಳು. ಸಂತೋಷ್‌ಬಾಯಿ ಪರದೆ ಕಿತ್ತು ಗ್ಯಾಸ್ ಹಚ್ಚಿ, ಶುಂಠಿ ಜಜ್ಜಿ ಟೀ ಕಾಸಿದಳು. ಮಾರೈಕೆ ಎರಡು ಲೋಟ ಕುಡಿದಳು. ಇಂಗ್ಲಿಷರ ಮಾತೇ ಎತ್ತಲಿಲ್ಲ.

ಏಳು ದಿನ ತುಂಬುವ ಮೊದಲೇ, ಮರುದಿನ ಬೆಳಿಗ್ಗೆ ಅವಳು ಹೊರಟಳು. ಹೊರಡುವಾಗ ಯಾರ ಕಾಲಿಗೂ ಬೀಳಲಿಲ್ಲ. ಸಂತೋಷ್‌ಬಾಯಿಯ ಕೈ ಒಮ್ಮೆ ಒತ್ತಿ ಹಿಡಿದು, ಆಟೋ ಹತ್ತಿದಳು. ಕ್ಷಮೆ ಕೇಳುತ್ತಾಳೆ ಎಂದೇ ಸಂತೋಷ್‌ಬಾಯಿ ತಿಳಿದಿದ್ದಳು.

ವಾರದ ಮೇಲೆ ಮದನ್‌ಲಾಲ್ ಫೋನು ಹಿಡಿದುಕೊಂಡು ಬಂದ. ಮುಖ ಸಪ್ಪಗಾಗಿತ್ತು. "ಬರ್ದಿದ್ದಾಳೆ ನೋಡು. ಬೂಂದಿ ಕೆಟ್ಟುಹೋಗಿದೆಯಂತೆ, ಆಧುನಿಕತೆ ಅದರ ಆತ್ಮವನ್ನ ತಿಂದುಹಾಕಿದೆಯಂತೆ. ಮನೆ ಯಜಮಾನಿಯ ಅತ್ತೆ ಒಬ್ಬಳೇ ನಿಜವಂತೆ. ಈಗ ಇನ್ನೂ ಒಳಗೆ ಒಂದು ಹಳ್ಳಿಗೆ ಹೋಗಿದ್ದಾಳಂತೆ, ಅಲ್ಲಿ ಕರೆಂಟೇ ಇಲ್ವಂತೆ, ಸ್ವರ್ಗವಂತೆ."

"ಅಲ್ಲಿ ಕರೆಂಟಿಗೆ ಅರ್ಜಿ ಹಾಕಿ ಎಷ್ಟು ವರ್ಷ ಆಯ್ತೋ ಕೇಳಿದ್ಲಂತಾ?" ಅಂದಳು ಸಂತೋಷ್‌ಬಾಯಿ.

"ಅದೆಲ್ಲ ನಮಗ್ಯಾಕೆ? ಮುಂದಿನ ವಾರ ಇನ್ನಿಬ್ಬರು ಬರ್ತಿದ್ದಾರೆ. ಮೆಷಿನ್ನಿಗೆ ಈ ಸಲ ಒಂದು ಕಪಾಟೇ ಮಾಡಿಸಿಬಿಡೋಣ."

ಸಂತೋಷ್‌ಬಾಯಿ ಮಹಡಿ ಹತ್ತಿ, ಮಣ್ಣಿನ ಒಲೆಗೆ ಒನಕೆಯಿಂದ ನಾಲ್ಕು ಏಟು ಹಾಕಿದಳು. ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಗಂಡನ ಕೈಗೆ ಕೊಟ್ಟು, ಎಲ್ಲಿಯಾದರೂ ಸುರಿದು ಬರಲು ಕಳಿಸಿದಳು.

ಒಳಗೆ ಧಾಪೂಬಾಯಿ, ತನ್ನೊಬ್ಬಳನ್ನೇ ನಿಜ ಎಂದು ಪರದೇಶದವಳು ಬರೆದ ಸಾಲನ್ನು ಇನ್ನೊಮ್ಮೆ ಓದಿಸಲು ಮಗನನ್ನು ಕೂಗುತ್ತಿದ್ದಳು.