ಅಂಗಡಿಗೆ ಬೇರೆ, ಮನೆಗೆ ಬೇರೆ

ಬದನೆಕಾಯಿಯ ತೊಟ್ಟಿನ ಪಕ್ಕದಲ್ಲಿ ಸಾಸಿವೆಯಷ್ಟು ಒಂದು ತೂತು ಇತ್ತು. ದೇವೇಂದ್ರ ಕಾಯಿಯನ್ನು ಎರಡು ಹೋಳಾಗಿ ಮುರಿದ. ಒಳಗೆ ಕಂದು ಹಿಕ್ಕೆಯ ನಡುವೆ ನಸುಗೆಂಪು ಹುಳವೊಂದು ಮೈ ಮುರಿಯುತ್ತ ಹೊರಳಿತು. ಅವನು ಮುಖ ಹಿಂದಕ್ಕೆಳೆದುಕೊಂಡ. ಹೋಳುಗಳನ್ನು ಮೋರಿಗೆ ಎಸೆದು, ಬೆರಳನ್ನು ಗೋಣಿಚೀಲಕ್ಕೆ ಉಜ್ಜಿ, ಈಗಷ್ಟೇ ಬಸ್ಸಿನಿಂದ ಕ್ರೇಟ್ ಇಳಿಸಿಕೊಂಡು ಬಂದು ನಿಂತಿದ್ದ ದ್ಯಾವಯ್ಯನ ಕಡೆ ತಿರುಗಿದ.

"ಇದನ್ನ ಯಾರು ತಿಂತಾರೆ ದ್ಯಾವಣ್ಣ? ನೋಡಿದ್ರೇನೆ ವಾಕರಿಕೆ ಬತ್ತದೆ. ವಾಪಸ್ ತಗಂಡೋಗು."

ಕ್ರೇಟಿಗೆ ಐದಾರು ಕಾಯಲ್ಲಿ ಇರಬಹುದು, ಉಳಿದದ್ದೆಲ್ಲ ಚೆನ್ನಾಗಿದೆ, ಬೇಕಾದರೆ ಕೊಯ್ದು ನೋಡಿ ಎಂದ ದ್ಯಾವಯ್ಯ. ಕೊಯ್ದು ನೋಡುವ ಮನಸ್ಸು ದೇವೇಂದ್ರನಿಗೆ ಇರಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಸುಚಿತ್ರಾ ಟೀಚರ್ ಆಗಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಎಲ್ಲರಿಗೂ ಕೇಳುವ ಹಾಗೆ, ಹುಳ ಸಾಕುವವರು ರೇಷ್ಮೆ ಮಾಡಬೇಕು, ಬದನೆಕಾಯಿ ಅಲ್ಲ ಎಂದು ದೇವೇಂದ್ರ ಒಂದು ಮಾತು ಹಾಕಿದ. ಯಾರೋ ನಕ್ಕರು. ದ್ಯಾವಯ್ಯ ಟವೆಲನ್ನು ಸಿಂಬಿ ಸುತ್ತಿ, ಕ್ರೇಟನ್ನು ತಲೆಗೆ ಏರಿಸಿಕೊಂಡು ಬೆಳಗೋಡಿನ ಬಸ್ಸಿಗೆ ವಾಪಸ್ ನಡೆದ. ಹೀಗೆ ಹೋಗಿದ್ದು ಅದು ಮೂರನೇ ಸಲ.

ದೇವೇಂದ್ರ ಕೆಟ್ಟ ವ್ಯಾಪಾರಿಯೇನಲ್ಲ. ಬಾಳ್ಳುಪೇಟೆಯ ಹೆದ್ದಾರಿ ಬದಿಯ ಆ ದಿನಸಿ ಅಂಗಡಿ ಅವನ ತಂದೆಯ ಕಾಲದ್ದು. ಮೂರು ವರ್ಷದ ಹಿಂದೆ ತರಕಾರಿ ಶುರು ಮಾಡಿದಾಗ, ಹಾಸನದ ಮಂಡಿಯ ಲಾರಿ ಮಾಲು ಬೇಡ, ಸುತ್ತಮುತ್ತಲ ರೈತರಿಂದಲೇ ಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದ. 'ನಮ್ಮೂರ ರೈತರ ತರಕಾರಿ' ಎಂದು ಬೋರ್ಡು ಬರೆಸಿದ. ಒಳ್ಳೆಯ ಬೆಲೆ ಕೊಡುತ್ತಿದ್ದ, ಯಾರನ್ನೂ ಕಾಯಿಸುತ್ತಿರಲಿಲ್ಲ. ಸಕಲೇಶಪುರದ ಹೋಂಸ್ಟೇಗಳಿಗೆ ಹೋಗುವ ಕಾರುಗಳು ನಿಲ್ಲುತ್ತಿದ್ದವು. ಒಳಗಿನವರು ಇಳಿದು ಬೋರ್ಡಿನ ಕೆಳಗೆ ಟೊಮೆಟೊ ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹುಳವೊಂದು ಮಾತ್ರ ಅವನಿಗೆ ಆಗುತ್ತಿರಲಿಲ್ಲ. ತನ್ನ ಅಂಗಡಿಯಲ್ಲಿ ಒಂದೇ ಒಂದು ಹುಳ ತೋರಿಸಿ ನೋಡೋಣ ಎಂದು ಎದುರಿನ ಹೋಟೆಲಿನವನ ಹತ್ತಿರ ಪಂದ್ಯ ಕಟ್ಟುತ್ತಿದ್ದ.

ಅದಾಗಿ ಎರಡು ವಾರಕ್ಕೆ ದ್ಯಾವಯ್ಯ ಮತ್ತೆ ಬಂದ. ಕ್ರೇಟಿನ ಮೇಲಿನ ಗೋಣಿ ತೆಗೆದಾಗ ದೇವೇಂದ್ರನ ಮುಖ ಅರಳಿತು. ಒಂದೊಂದು ಕಾಯಿಯೂ ಎಣ್ಣೆ ಸವರಿದ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಒಂದು ತೂತಿಲ್ಲ, ಒಂದು ಚುಕ್ಕಿಯಿಲ್ಲ. ಹತ್ತು ಕಾಯಿ ಮುರಿದು ನೋಡಿದ. ಹತ್ತೂ ಬೆಣ್ಣೆಯ ಹಾಗೆ ಬೆಳ್ಳಗಿದ್ದವು. ದ್ಯಾವಯ್ಯನ ಬೆನ್ನು ತಟ್ಟಿ ಕಾಫಿ ತರಿಸಿದ. ಮಧ್ಯಾಹ್ನದೊಳಗೆ ಮಾಲು ಖಾಲಿ.

ಮನೆಯಲ್ಲಿ ಮಗಳು ಮೋನಿಕಾ ಇದ್ದಳು. ಐದು ತಿಂಗಳ ಬಸುರಿ, ಆರೈಕೆಗೆಂದು ತವರಿಗೆ ಬಂದಿದ್ದಳು. ಅವಳಿಗೆ ಎಣ್ಣೆಗಾಯಿ ಎಂದರೆ ಪ್ರಾಣ. ಅಂದಿನಿಂದ ಪ್ರತಿ ಕ್ರೇಟಿನಲ್ಲೂ ಹೆಚ್ಚು ಮಿಂಚುವ ಕಾಯಿಗಳನ್ನೇ ಆರಿಸಿ ದೇವೇಂದ್ರ ಮನೆಗೆ ಒಯ್ಯುತ್ತಿದ್ದ. ಹೀಗೆ ಎರಡು ತಿಂಗಳು ನಡೆಯಿತು.

ಸೀಮಂತಕ್ಕೆ ದಿನ ಗೊತ್ತಾಯಿತು. ಊಟಕ್ಕೆ ಇಪ್ಪತ್ತು ಕೆಜಿ ಬದನೆಕಾಯಿ ಹೇಳಿ ಬರೋಣವೆಂದು ಒಂದು ಸೋಮವಾರ ಮಧ್ಯಾಹ್ನ ದೇವೇಂದ್ರ ಸ್ಕೂಟರಿನಲ್ಲಿ ದ್ಯಾವಯ್ಯನ ಮನೆಗೆ ಹೋದ. ದ್ಯಾವಯ್ಯ ಗದ್ದೆ ಕಡೆ ಹೋಗಿದ್ದ. ಹೆಂಡತಿ ಭದ್ರಮ್ಮ, ಈಗ ಬಂದ್ಬುಡ್ತಾರೆ ಕುಂತ್ಕಳಿ ಎಂದು ಚಾಪೆ ಹಾಸಿ, ಒಲೆಯ ಮೇಲಿನ ಸಾರಿಗೆ ಬದನೆಕಾಯಿ ತರಲು ಮೊರ ಹಿಡಿದು ಹೊರಟಳು. ಮನೆಯ ಮುಂದೆಯೇ ಅರ್ಧ ಎಕರೆ ಬದನೆ ತೂಗುತ್ತಿತ್ತು. ಅವಳು ಅದನ್ನು ದಾಟಿ, ಮನೆ ಬಳಸಿಕೊಂಡು ಹಿತ್ತಲಿಗೆ ಹೋದಳು. ವಾಪಸ್ ಬಂದಾಗ ಮೊರದಲ್ಲಿದ್ದದ್ದು ಸೊಟ್ಟ ಸೊಟ್ಟ, ತೂತು ಬಿದ್ದ ಕಾಯಿಗಳು.

ದೇವೇಂದ್ರ ಅಷ್ಟರಲ್ಲಿ ಮುಂದಿನ ಸಾಲಿಗಿಳಿದು ಒಂದು ಕಾಯಿ ಕಿತ್ತು ಕೈಯಲ್ಲಿ ಉರುಳಿಸುತ್ತಿದ್ದ. ಕಣ್ಣೆದುರಿಗೆ ಇಷ್ಟು ಒಳ್ಳೆಯದು ಬಿಟ್ಟು ಆ ಹುಳುಕು ಯಾಕೆ ತಂದೆ ಎಂದು ತಮಾಷೆಗೆ ಕೇಳಿದ.

"ಅಯ್ಯೋ, ಅದು ಅಂಗಡೀದು ಕಣಣ್ಣ. ಅದನ್ನ ನಾವು ತಿನ್ನಾಕಿಲ್ಲ," ಎಂದಳು ಭದ್ರಮ್ಮ. ಹಸುವಿಗೆ ಕೊಂಬಿದೆ ಎಂದಷ್ಟು ಸಹಜವಾಗಿ ಹೇಳಿದಳು. ಆಮೇಲೆ ಅವನ ಕೈ ನೋಡಿ, "ನಿನ್ನೆ ಸಂಜೆ ಔಷಧಿ ಹೊಡ್ದೈತೆ, ಇವತ್ತು ಸಂಜೆ ಕೊಯ್ಯೋದು. ಕೈ ತೊಳ್ಕಳಿ, ಸೋಪು ಕೊಡ್ತೀನಿ."

ದೇವೇಂದ್ರ ಕಾಯಿಯನ್ನು ಕೆಳಗೆ ಬಿಟ್ಟ. ಎಲೆಗಳ ಮೇಲೆ ಸುಣ್ಣದ ನೀರು ಒಣಗಿದಂಥ ಬಿಳಿ ಕಲೆಗಳು ಈಗ ಕಂಡವು. ತಲೆಗೇರುವ ವಾಸನೆಯೊಂದು ಇದ್ದದ್ದು ಈಗ ಗೊತ್ತಾಯಿತು. ಅವನಿಗೆ ಮೋನಿಕಾಳ ತಟ್ಟೆ ನೆನಪಾಯಿತು. ಬೇಲಿಯ ಹತ್ತಿರ ಹೋಗಿ ಮೂರು ಸಲ ಉಗಿದ.

ದ್ಯಾವಯ್ಯ ಬಂದಾಗ ಅವನ ಮೇಲೆ ಹಾರಿಬಿದ್ದ. ಕೊಯ್ಯುವ ಹಿಂದಿನ ದಿನ ಔಷಧಿ ಹೊಡೆದದ್ದನ್ನು ಮನುಷ್ಯರಿಗೆ ಮಾರುವುದಾ, ಹೊಟ್ಟೆಗೆ ಏನು ತಿನ್ನುತ್ತೀಯ ಎಂದೆಲ್ಲ ಬೈದ. ದ್ಯಾವಯ್ಯ ಪೂರ್ತಿ ಕೇಳಿಸಿಕೊಂಡ.

"ಮೂರು ಸತಿ ವಾಪಸ್ ಕಳ್ಸಿದ್ರಿ. ನಾಲ್ಕು ಜನದ ಮುಂದೆ ನಗಾಡಿದ್ರಿ. ನಾನೇನು ಮಾಡ್ಲಿ? ವಾರಕ್ಕೆ ಒಂದ್ಸತಿ ಹೊಡೆದ್ರೆ ಅಲ್ಲೊಂದು ಇಲ್ಲೊಂದು ಹುಳ ಉಳ್ಕತ್ತದೆ. ನಿಮಗೆ ಒಂದೂ ಇರಬಾರ್ದು, ಅದಕ್ಕೇ ಪ್ರತಿ ಕೊಯ್ಲಿಗೂ ಮುಂಚೆ ಹೊಡೀತೀನಿ. ನೀವು ಹೊಳಪು ಕೇಳಿದ್ರಿ, ಹೊಳಪು ತಂದ್ಕೊಟ್ಟೆ."

ದೇವೇಂದ್ರ ಅಂಗೈ ನೋಡಿಕೊಂಡ. ಮನೆಯಲ್ಲಿ ಬಸುರಿ ಮಗಳು ಇದನ್ನೇ ತಿಂದಳು, ಅವಳ ಸೀಮಂತಕ್ಕೂ ಇದನ್ನೇ ಹೇಳಲು ಬಂದೆ ಎಂದು ಗೊಣಗಿದ. ದ್ಯಾವಯ್ಯನ ಮುಖ ಕಪ್ಪಿಟ್ಟಿತು. ತಲೆಯ ಮೇಲೆ ಕೈಹೊತ್ತು ಜಗಲಿಯ ಮೇಲೆ ಕೂತ. ಮೆಲ್ಲಗೆ, "ನಂಗೊತ್ತಿರ್ಲಿಲ್ಲ ಕಣಣ್ಣ. ಇನ್ಮೇಲೆ ನಿಮ್ಮನೆಗೆ ಹಿತ್ತಲದ್ದೇ ಕೊಡ್ತೀನಿ. ಸೀಮಂತಕ್ಕೂ ಹಿತ್ತಲದ್ದೇ. ಅಂಗಡಿಗೆ ಬ್ಯಾರೆ, ಮನೆಗೆ ಬ್ಯಾರೆ," ಎಂದ.

ದೇವೇಂದ್ರ ಒಪ್ಪಿಕೊಂಡ. ಒಪ್ಪಿಕೊಂಡು ಸ್ಕೂಟರ್ ಹತ್ತಿದಾಗ ಅವನಿಗೆ ಸಮಾಧಾನವೇ ಆಯಿತು.

ಮರುದಿನದಿಂದ ದ್ಯಾವಯ್ಯ ಕ್ರೇಟಿನ ಜೊತೆ ಒಂದು ಬಟ್ಟೆಚೀಲವನ್ನೂ ತಂದ. ಕ್ರೇಟು ಅಂಗಡಿಯ ಮುಂದೆ, ಚೀಲ ಮೇಜಿನ ಕೆಳಗೆ. ಮನೆಯಲ್ಲಿ ಹೆಂಡತಿ ಜಗದಾಂಬ ಹುಳ ಕಂಡು ಗಲಾಟೆ ಮಾಡಿದಾಗ ದೇವೇಂದ್ರ ತಾನೇ ಈಳಿಗೆಮಣೆಯ ಮುಂದೆ ಕೂತು, ಹುಳ ಹಿಡಿದ ಭಾಗ ಕೊಯ್ದು ತೆಗೆದು ಕೊಟ್ಟ. ಹುಳ ಕಂಡರೆ ಈಗ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಅಸಹ್ಯವಾಗುತ್ತಿದ್ದದ್ದು ಆ ಕ್ರೇಟು ಕಂಡರೆ. ಗಿರಾಕಿಗಳಿಗೆ ತೂಗಿ ಕೊಟ್ಟಾಗಲೆಲ್ಲ ಹಿಂದಿನ ನಲ್ಲಿಗೆ ಹೋಗಿ ಕೈ ತೊಳೆಯುತ್ತಿದ್ದ. ಮಂಗಳವಾರ ಸುಚಿತ್ರಾ ಟೀಚರಿಗೆ ಒಂದು ಕೆಜಿ ತೂಗಿದ, ಕೈ ತೊಳೆದ. ಊಟಕ್ಕೆ ಕೂತರೆ ಅನ್ನಕ್ಕೂ ಅದೇ ವಾಸನೆ ಇದೆ ಅನಿಸಿ ಅರ್ಧಕ್ಕೇ ಏಳುತ್ತಿದ್ದ. ಬೇರೆಯವರ ಮನೆಗೂ ಮಂಡಿಯಿಂದ ಇಂಥದ್ದೇ ಅಲ್ಲವೇ ಬರುವುದು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮೇಲೂ ಕೈ ತೊಳೆಯುವುದು ನಿಲ್ಲಲಿಲ್ಲ.

ಭಾನುವಾರ ಕಾಫಿ ಎಸ್ಟೇಟಿಗೆ ರಜೆ. ಕೂಲಿಯಾಳುಗಳ ಲೈನುಮನೆಗಳಿಂದ ಲೈನಿನವರೆಲ್ಲ ಸಾಮಾನಿಗೆ ಬರುವ ದಿನ. ನೇತ್ರಾವತಿ ಎಂಬ ಆಳು ಹೆಂಗಸು ಮೂರು ವರ್ಷದ ಮಗಳನ್ನು ಸೊಂಟದಿಂದ ಇಳಿಸಿ ಅಕ್ಕಿ, ಬೇಳೆ ಹೇಳುತ್ತಿದ್ದಳು. ಪಕ್ಕದಲ್ಲಿ ಸುಚಿತ್ರಾ ಟೀಚರ್ ಸೋಪು ಆರಿಸುತ್ತಿದ್ದರು. ದೇವೇಂದ್ರ ಬೇಳೆ ಕಟ್ಟಿ ತಲೆಯೆತ್ತಿದರೆ, ಮಗು ಕ್ರೇಟಿನಿಂದ ಒಂದು ಬದನೆಕಾಯಿ ಎತ್ತಿಕೊಂಡು, ಅದರ ಹೊಳಪಿಗೆ ಮರುಳಾಗಿ ನೆಕ್ಕುತ್ತಿತ್ತು.

ಅವನು ಮೇಜು ಬಳಸಿ ಓಡಿ ಬಂದು ಕಾಯಿಯನ್ನು ಕಿತ್ತುಕೊಂಡ. ಮಗು ಕಿಟಾರನೆ ಕಿರುಚಿತು.

"ಮಗು ಮುಟ್ಟಿದ್ರೆ ಏನಾಯ್ತಣ್ಣ? ಅರ್ಧ ಕೆಜಿ ನಾವೂ ತಗಂತೀವಿ. ಬಿಟ್ಟಿ ಕೇಳಾಕೆ ಬಂದಿಲ್ಲ," ಎಂದಳು ನೇತ್ರಾವತಿ.

ಅದು ಬೇಡ, ಅದು ಬೇಡ ಎಂದಷ್ಟೇ ಬಂತು ಅವನ ಬಾಯಿಂದ. ಬಗ್ಗಿ ಮೇಜಿನ ಕೆಳಗಿನ ಬಟ್ಟೆಚೀಲ ತೆಗೆದು ಅವಳ ಮುಂದೆ ಇಟ್ಟ. ಅವಳು ಚೀಲಕ್ಕೆ ಕೈ ಹಾಕಿ ಒಂದು ಕಾಯಿ ತೆಗೆದಳು. ತೂತನ್ನು ನೋಡಿದಳು. ಅಂಗಡಿಯಲ್ಲಿದ್ದ ಎಲ್ಲರ ಮುಖವನ್ನೂ ಒಂದು ಸಲ ನೋಡಿದಳು.

"ಲೈನಿನೋರಿಗೆ ಹುಳದ್ದು ಸಾಕು ಅಂತಾನಾ?"

ಸುಮ್ಮನಿದ್ದರೆ ಅವಳು ಹಾಗೆಯೇ ತಿಳಿದು ಹೋಗುತ್ತಾಳೆ. ಹೇಳಿದರೆ ಅಂಗಡಿಯ ಮಾನ ಹೋಗುತ್ತದೆ. ಮಗುವಿನ ತುಟಿಯ ಮೇಲೆ ಇನ್ನೂ ಒದ್ದೆ ಇತ್ತು.

"ಅಲ್ಲ ಕಣವ್ವ," ಎಂದ. "ಹುಳದ್ದು ನಮ್ಮನೇಗೆ ಅಂತ ಎತ್ತಿಟ್ಟಿದ್ದು. ನನ್ನ ಬಸುರಿ ಮಗಳು ತಿನ್ನೋದು ಇದನ್ನೇ. ಆ ಹೊಳೆಯೋದಕ್ಕೆ ಕೊಯ್ಯೋ ಹಿಂದಿನ ದಿನ ಔಷಧಿ ಹೊಡೀತಾರೆ. ಅದನ್ನ ನಾವು ತಿನ್ನಲ್ಲ. ನಿಮಗೆ ಮಾರ್ತೀವಿ."

ಹೆದ್ದಾರಿಯಲ್ಲಿ ಎರಡು ಲಾರಿ ಹೋದವು. ನೇತ್ರಾವತಿ ಕುಡಿಯುವ ನೀರು ಇಸಿದುಕೊಂಡು ಮಗುವಿನ ಬಾಯಿ, ಕೈ ಎರಡೆರಡು ಸಲ ತೊಳೆದಳು. ಸುಚಿತ್ರಾ ಟೀಚರ್ ತಣ್ಣಗೆ ಕೇಳಿದರು: "ಎಷ್ಟು ದಿನದಿಂದ ಗೊತ್ತು ನಿಮಗೆ?"

"ಆರು ದಿನ."

"ನಾನು ಮಂಗಳವಾರ ತಗೊಂಡು ಹೋದೆ ಕಣ್ರೀ."

"ನಾನೇ ತೂಗಿ ಕೊಟ್ಟೆ ಟೀಚರ್."

ಅವರು ಚೀಲದಲ್ಲಿದ್ದ ಸೋಪು, ಸಕ್ಕರೆ, ಕಡಲೆಹಿಟ್ಟು ಎಲ್ಲವನ್ನೂ ಒಂದೊಂದಾಗಿ ಮೇಜಿನ ಮೇಲೆ ವಾಪಸ್ ಇಟ್ಟು ಹೊರಗೆ ನಡೆದರು. ಅವರ ಹಿಂದೆ ಇನ್ನಿಬ್ಬರು ಹೋದರು. ನೇತ್ರಾವತಿ ಮಾತ್ರ ನಿಂತಿದ್ದಳು. ಬಟ್ಟೆಚೀಲದಿಂದ ನಾಲ್ಕು ಕಾಯಿ ಆರಿಸಿ ತಕ್ಕಡಿಗೆ ಹಾಕಿ, ತೂಗು ಎಂಬಂತೆ ನೋಡಿದಳು. ಎಲ್ಲವನ್ನೂ ತೆಗೆದುಕೊಂಡು ಹೋಗು ಎಂದ ದೇವೇಂದ್ರ. ಬ್ಯಾಡ, ಬಸುರಿಗೂ ಇರಲಿ ಎಂದು ಚೀಲವನ್ನು ಅವನ ಕಡೆಗೆ ತಳ್ಳಿ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು.

ಅಂಗಡಿ ಖಾಲಿಯಾದ ಮೇಲೆ ದೇವೇಂದ್ರ ದ್ಯಾವಯ್ಯನಿಗೆ ಫೋನ್ ಮಾಡಿದ. ನಾಳೆಯಿಂದ ಅಂಗಡಿಗೂ ಹಿತ್ತಲದ್ದೇ ತರಬೇಕೆಂದ. ದ್ಯಾವಯ್ಯನಿಗೆ ನಂಬಿಕೆ ಬರಲಿಲ್ಲ. ಹುಳ ಇರುತ್ತದೆ ಎಂದ. ಇರಲಿ, ಗಿರಾಕಿಗಳಿಗೆ ನಾನು ಹೇಳಿಕೊಳ್ಳುತ್ತೇನೆ, ಬೆಲೆಯಲ್ಲಿ ಒಂದು ಪೈಸೆ ಕಮ್ಮಿ ಮಾಡುವುದಿಲ್ಲ ಎಂದ ದೇವೇಂದ್ರ. ಮನೆ ಮುಂದಿನ ಬೆಳೆ ಏನು ಮಾಡಲಿ ಎಂದು ದ್ಯಾವಯ್ಯ ಕೇಳಿದ್ದಕ್ಕೆ, ಔಷಧಿ ನಿಲ್ಲಿಸು, ಈಗಿರುವ ಕಾಯಿ ಕಿತ್ತು ಗುಂಡಿಗೆ ಹಾಕು, ಅದರ ನಷ್ಟ ನನ್ನದು ಎಂದ.

"ಹಿತ್ತಲಲ್ಲಿ ಇರೋದೇ ಒಂದಿಷ್ಟು ಕಣಣ್ಣ. ಅಂಗಡಿಗೆ ತಂದ್ರೆ ಸೀಮಂತಕ್ಕೆ ಉಳಿಯಾಕಿಲ್ಲ."

ದೇವೇಂದ್ರ ಬಟ್ಟೆಚೀಲದ ಬಾಯಿ ಮಡಚಿದ. "ಸೀಮಂತಕ್ಕೆ ಎಣ್ಣೆಗಾಯಿ ಬ್ಯಾಡ ಬುಡು. ಕುಂಬಳಕಾಯಿ ಪಲ್ಯ ಮಾಡಿಸ್ತೀನಿ. ಇನ್ನೊಂದು ದ್ಯಾವಣ್ಣ, ಅವತ್ತು ಜನದ ಮುಂದೆ ರೇಷ್ಮೆ ಅದೂ ಇದೂ ಅಂದ್ಬುಟ್ಟೆ. ಮನಸ್ಸಿಗೆ ಇಟ್ಕಬ್ಯಾಡ."

ಆ ಕಡೆಯಿಂದ ಹ್ಞೂಂ ಎಂದಷ್ಟೇ ಕೇಳಿತು.

ಅವನು ಗುದ್ದಲಿ ತೆಗೆದುಕೊಂಡು, ಕ್ರೇಟನ್ನು ಅಂಗಡಿಯ ಹಿಂದಿನ ಖಾಲಿ ಜಾಗಕ್ಕೆ ಎಳೆದುಕೊಂಡು ಹೋದ. ಮೊಣಕಾಲಿನಷ್ಟು ಆಳದ ಗುಂಡಿ ತೆಗೆದ. ಅಭ್ಯಾಸವಿಲ್ಲದ ಕೈ, ಅಂಗೈಯಲ್ಲಿ ಬೊಬ್ಬೆ ಎದ್ದಿತು. ಕಾಯಿಗಳನ್ನು ಸುರಿದು ಮಣ್ಣು ಎಳೆಯುವಷ್ಟರಲ್ಲಿ ಎಲ್ಲಿಂದಲೋ ಒಂದು ಬಡಕಲು ಹಸು ಬಂದು ಗುಂಡಿಯ ಅಂಚಿನಲ್ಲಿ ನಿಂತಿತು. ಮಿಂಚುವ ಬದನೆಕಾಯಿಗಳನ್ನು ಮೂಸಿ, ನಾಲಿಗೆ ಚಾಚಿತು.

ದೇವೇಂದ್ರ ಗುದ್ದಲಿ ಬಿಸಾಡಿ ಅದರ ಕೊರಳನ್ನು ಎರಡೂ ಕೈಯಿಂದ ತಬ್ಬಿ ಹಿಂದಕ್ಕೆ ತಳ್ಳಿದ. ಹಸು ಹಟ ಮಾಡಿತು.

"ಬ್ಯಾಡ ಕಣವ್ವ," ಎಂದ ಅದರ ಕಿವಿಯ ಹತ್ತಿರ, ಏದುಸಿರು ಬಿಡುತ್ತ. "ತಿನ್ನೋದಲ್ಲ ಅದು."