ವಿಮಾನದ ಸ್ಕೂಲಿಗೆ ಮನೆ ನೋಡುವ ಶಾಸ್ತ್ರ

ಚೇಳೂರಿನ ವೆಂಕಟರಂಗಯ್ಯನವರು ಯಾರದಾದರೂ ಮನೆಯ ಹೊಸಿಲು ದಾಟಿದರೆ ಆ ಮನೆಯ ಮೂರು ತಲೆಮಾರು ಎದ್ದು ನಿಲ್ಲುತ್ತಿತ್ತು. ಅದರಲ್ಲಿ ಎರಡು ತಲೆಮಾರು ಗೋಡೆಯ ಫೋಟೊದಲ್ಲಿದ್ದವು. ಇದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ, ಬೇಕಾದರೆ ಫೋಟೊಗಳನ್ನೇ ಕೇಳಿ. ಹಾಗಲವಾಡಿಯಿಂದ ಹಿಡಿದು ಕುಣಿಗಲ್‌ವರೆಗೆ ಯಾರ ಮನೆಯ ಹುಡುಗಿಗೆ ಸಂಬಂಧ ಬಂದರೂ ಗಂಡಿನ ಮನೆ ನೋಡಿ ಬರಲು ಮೊದಲು ಹೇಳಿಕಳಿಸುತ್ತಿದ್ದುದು ಅವರಿಗೇ. ಮೆಟಡೋರ್‌ನ ಮುಂದಿನ ಸೀಟು ಅವರದು. ಹಜಾರದಲ್ಲಿ ಕೂತು ಒಮ್ಮೆ ಕೆಮ್ಮಿದರೆ ಸಾಕು, ಆ ಮನೆಯ ಗುಟ್ಟೆಲ್ಲ ತಾನಾಗಿ ಹೊರಬಂದು ಚಾಪೆಯ ಮೇಲೆ ಕೂರುತ್ತಿತ್ತು.

ಇಂಥ ಮನುಷ್ಯನ ಮೊಮ್ಮಗಳು ಇಂಪನಾ ಪಿಯುಸಿ ಮುಗಿಸಿ, ಕಣ್ಣು ಕಿವಿ ಎದೆ ಎಲ್ಲ ಸರಿಯಿದೆಯೆಂದು ಡಾಕ್ಟರರ ಕೈಲಿ ಬರೆಸಿಕೊಂಡು, ಪೈಲಟ್ ಆಗುತ್ತೇನೆ ಎಂದಳು. ಎರಡು ಫ್ಲೈಯಿಂಗ್ ಸ್ಕೂಲುಗಳನ್ನು ಆರಿಸಿಟ್ಟಿದ್ದಳು. ಅವಳಪ್ಪ ಚಂದ್ರು ತುಮಕೂರಿನಲ್ಲಿ ಮೇಷ್ಟ್ರು. ಎರಡರ ವೆಬ್‌ಸೈಟೂ ನೋಡಿ ತಲೆ ಕೆರೆದುಕೊಂಡ.

“ಎರಡೂ ಚೆನ್ನಾಗೇ ಕಾಣ್ತವೆ ಮಾವ.”

“ಕಂಪ್ಯೂಟರ್ ನೋಡಿ ಹೆಣ್ಣು ಕೊಡ್ತಾರೇನ್ಲಾ? ಮನೆ ನೋಡ್ಬೇಕು!”

“ತಾತ, ಅದು ಸ್ಕೂಲು,” ಎಂದಳು ಇಂಪನಾ. “ಒಳ್ಳೇದು ಸಿಕ್ರೆ ದಿನಾ ಹಾರಿಸ್ತಾರೆ, ಬೇಗ ಲೈಸೆನ್ಸ್ ಸಿಗುತ್ತೆ. ಕೆಟ್ಟದ್ದು ಸಿಕ್ರೆ ವರ್ಷಗಟ್ಲೆ ನೆಲದ ಮೇಲೆ ಕೂತ್ಕೊಂಡು ಕಾಗೆ ಹಾರೋದು ನೋಡ್ಬೇಕು. ಸೇರ್ಕೊಂಡ್ಮೇಲೆ ಬಿಟ್ಟು ಬರೋಕೂ ಆಗಲ್ಲ.”

“ಇನ್ನೇನು ಮತ್ತೆ? ಗಂಡನ್ಮನೆ ಥರಾನೇ ಆಯ್ತಲ್ಲ!”

ಅವಳಮ್ಮ ಪ್ರಮೀಳಾ ನಕ್ಕು, “ಅಪ್ಪ ಒಪ್ಪಿದ ಕಡೆಗೇ ಕಳ್ಸೋದು,” ಎಂದುಬಿಟ್ಟಳು. ಇಂಪನಾಳ ಆಕಾಶ ಅಜ್ಜನ ಪಂಚೆಯ ಗಂಟಿಗೆ ಬಿತ್ತು.

ಮೊದಲನೆಯ ಸ್ಕೂಲಿಗೆ ಕಾರಿನಲ್ಲಿ ಹೊರಟರು. ಚಂದ್ರು ಸ್ಟೀರಿಂಗ್ ಹಿಡಿದ. ಮುಂದಿನ ಸೀಟು ವೆಂಕಟರಂಗಯ್ಯನವರದು. ಹಿಂದೆ ಇಂಪನಾ, ಅವಳ ಪಕ್ಕದಲ್ಲಿ ಅವರ ಭಾವಮೈದ ಓಬಳಯ್ಯ. ಊಟದ ವಾಸನೆ ಗುಬ್ಬಿಯಲ್ಲೆದ್ದರೆ ಚೇಳೂರಿನಲ್ಲಿ ಕೈ ತೊಳೆಯುವ ಮನುಷ್ಯ ಈ ಓಬಳಯ್ಯ.

ಆಹಾ, ಆ ಸ್ಕೂಲಿನ ಹಜಾರ! ನೆಲದಲ್ಲಿ ಮುಖ ಕಾಣುತ್ತಿತ್ತು, ಕಂಡ ಮುಖಕ್ಕೆ ಹತ್ತು ವರ್ಷ ಕಡಿಮೆಯಾಗುತ್ತಿತ್ತು. ಬಾವಿಗೆ ಇಳಿಬಿಟ್ಟರೆ ನೀರು ಸೇದಬಹುದಾದಷ್ಟು ಉದ್ದದ ಟೈ ಕಟ್ಟಿಕೊಂಡ ಮ್ಯಾನೇಜರ್, ಬಗ್ಗಿ ಬಗ್ಗಿ ಕೈಮುಗಿದು ಬಾದಾಮಿ ಹಾಲು ಕೊಡಿಸಿದ. ಆಮೇಲೆ ಊಟಕ್ಕೆ ಕರೆದ. ಕರೆಯುವ ಮೊದಲೇ ಓಬಳಯ್ಯ ಕೂತಾಗಿತ್ತು. ಚಿತ್ರಾನ್ನ, ಕೋಸಂಬರಿ, ಶಾವಿಗೆ ಪಾಯಸ. ವೆಂಕಟರಂಗಯ್ಯನವರು ಪಾಯಸವನ್ನು ಎರಡು ಸಲ ಹಾಕಿಸಿಕೊಂಡು, ಕೈ ತೊಳೆದು, ಮ್ಯಾನೇಜರ್‌ನ ಕೈ ಹಿಡಿದು, “ನಮಗೆ ಒಪ್ಪಿಗೆ,” ಎಂದರು. ಅವನಿಗೆ ಏನೂ ಅರ್ಥವಾಗದಿದ್ದರೂ ಕೈಯನ್ನು ಚೆನ್ನಾಗಿಯೇ ಕುಲುಕಿದ.

ವಿಷಯವೇನೆಂದರೆ, ನಮ್ಮ ಕಡೆ ಮನೆ ನೋಡಲು ಹೋದವರು ಕಾಫಿ ಕುಡಿಯಬಹುದು, ಎಲೆ ಮುಂದೆ ಕೂರುವ ಹಾಗಿಲ್ಲ. ಅನ್ನ ಕಲಸಿದರೆ ಮಾತು ಕೊಟ್ಟಂತೆ. ವೆಂಕಟರಂಗಯ್ಯನವರ ಮಾತು ತಪ್ಪಿದ್ದು ಕಂಡರೆ ಸೂರ್ಯ ಚಿಕ್ಕನಾಯಕನಹಳ್ಳಿ ಕಡೆ ಮುಳುಗುವುದು ಬಿಟ್ಟು ವಾಪಸ್ಸು ತುಮಕೂರಿಗೆ ಹೋಗುತ್ತಾನೆ.

ಇಂಪನಾ ಊಟಕ್ಕೆ ಕೂತಿರಲಿಲ್ಲ. ಕಾರು ಹೊರಟ ಮೇಲೆ ಬಾಯಿ ಬಿಟ್ಟಳು.

“ತಾತ, ನಂಗೆ ಈ ಸ್ಕೂಲ್ ಬೇಡ. ಹಿಂದ್ಗಡೆ ಶೆಡ್‌ಗೆ ಹೋಗಿದ್ದೆ. ಸಾಲಾಗಿ ಪ್ಲೇನ್ ನಿಲ್ಸಿ ಟಾರ್ಪಾಲ್ ಹೊದಿಸವ್ರೆ. ಒಂದ್ರ ಇಂಜಿನ್ ಒಳಗೆ ಗೊರವಂಕ ಗೂಡು ಕಟ್ಟೈತೆ.”

“ಉಂಡಾಯ್ತಲ್ಲ ಮಗ.”

“ಅದು ಕ್ಯಾಂಟೀನ್ ತಾತ!”

“ಎಲೇಗೆ ಉಪ್ಪು ಬಿದ್ಮೇಲೆ ಎಲ್ಲಾ ಒಂದೇ. ನನ್ ಮಾತು ಹೋಗ್ತದೆ.”

“ಪಾಯಸ ಮಾತ್ರ ಸುಳ್ಳು ಹೇಳಾಕಿಲ್ಲ ಬುಡು ಕೂಸೆ,” ಎಂದ ಓಬಳಯ್ಯ.

ಇಂಪನಾಳ ಕಣ್ಣಲ್ಲಿ ನೀರು ತುಂಬಿತು. “ಅಲ್ಲಿ ಕಲಿಯೋ ಹುಡ್ಗಿ ಒಬ್ಳು ಬಟ್ಟೆ ಒಣಗಾಕ್ತಿದ್ಳು. ವಾರಕ್ಕೆಷ್ಟು ಸಲ ಹಾರಿಸ್ತಾರೆ ಅಂತ ಕೇಳ್ದೆ. ಅವ್ಳು ಆಫೀಸ್ ಬಾಗ್ಲು ಕಡೆ ನೋಡಿ, ಆಮೇಲೆ ‘ಎಲ್ಲಾ ಚೆನ್ನಾಗಿದೆ’ ಅಂದ್ಳು.”

ವೆಂಕಟರಂಗಯ್ಯನವರು ಕಿಟಕಿಯ ಕಡೆ ತಿರುಗಿದರು. ಹೊರಗೆ ತೋಟಗಳು ಹಿಂದೆ ಸರಿಯುತ್ತಿದ್ದವು. ಅವರು ಇನ್ನೂ ಹಿಂದೆ ಹೋದರು.

ಆಗೆಲ್ಲ ಮೆಟಡೋರ್ ಒಳಗೆ ಮಲ್ಲಿಗೆಯ ಘಮ, ಎಲೆಅಡಿಕೆಯ ಘಮ, ಬಳೆಗಳ ಸದ್ದು. ಗಂಡಸರೆಲ್ಲ ಹಜಾರದಲ್ಲಿ ಕೂತು ಜಮೀನು, ತೆಂಗು, ನೆಂಟಸ್ತಿಕೆ ಎಂದು ಲೋಕ ಆಳುತ್ತಿದ್ದಾಗ ಅವರ ಹೆಂಡತಿ ಲಕ್ಷ್ಮೀದೇವಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆಯುತ್ತಿದ್ದರು. ಆ ಮನೆಯ ಸೊಸೆಯಂದಿರ ಜೊತೆ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ವಾಪಸ್ಸು ಬರುವಾಗ ಗಂಡನ ಕಿವಿಯಲ್ಲಿ ಒಂದೇ ಮಾತು: “ಆಗ್ಬೋದು,” ಇಲ್ಲವೇ “ಬ್ಯಾಡ.” ಮಾರನೆಯ ದಿನ ಅದೇ ಮಾತನ್ನು ಮೀಸೆ ತಿರುವಿ ಊರಿಗೆ ಹೇಳುತ್ತಿದ್ದವರು ಇವರು. ಹೆಸರೆಲ್ಲ ಬಂದದ್ದು ಮೀಸೆಗೆ.

ಮಗಳು ಪ್ರಮೀಳಾಗೆಂದು ಒಮ್ಮೆ ಕುಣಿಗಲ್‌ನಲ್ಲಿ ಮನೆ ನೋಡಲು ಹೋಗಿದ್ದರು. ಅಬ್ಬಾ, ಆ ತೊಟ್ಟಿಮನೆಯ ಒಂದು ಕಂಬದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಸಿವಾಗುತ್ತಿತ್ತು. ಇವರು ಸೋತುಹೋಗಿ ಎಲೆ ಮುಂದೆ ಕೂತರು, ಉಂಡರು, ಎದ್ದರು. ಆಗ ಲಕ್ಷ್ಮೀದೇವಮ್ಮ ಹಿತ್ತಲಿನಿಂದ ಬಂದು, “ಬ್ಯಾಡ,” ಎಂದರು.

“ಉಂಡಾಯ್ತಲ್ಲೇ!”

“ದೊಡ್ಡ ಸೊಸೆ ಒಂದೊಂದು ಮಾತಿಗೂ ಬಾಗ್ಲು ಕಡೆ ನೋಡ್ತಾಳೆ. ಉಂಡೋರು ನೀವು. ಬಾಳೋಳು ಅವಳು.”

ಕುಣಿಗಲ್ ಬಿಟ್ಟು, ತುಮಕೂರು ದಾಟಿ, ಗುಬ್ಬಿ ಬರುವವರೆಗೂ ಇವರು ಹೆಂಡತಿಯ ಜೊತೆ ಮಾತಾಡಿರಲಿಲ್ಲ. ಆಕೆಯೂ ಮಾತಾಡಿಸಲಿಲ್ಲ. ಗುಬ್ಬಿಯಲ್ಲಿ ಮೆಟಡೋರ್ ನಿಲ್ಲಿಸಿ ಒಂದು ಎಳನೀರು ಕೊಚ್ಚಿಸಿ ಇವರ ಕೈಗಿಟ್ಟರು, ಅಷ್ಟೇ. ಸ್ವಂತ ತೋಟದ್ದಲ್ಲದ ಎಳನೀರನ್ನು ಇವರು ಜನ್ಮದಲ್ಲಿ ಅದೊಂದೇ ಸಲ ಕುಡಿದದ್ದು. ಎಷ್ಟು ಸಿಹಿಯಿತ್ತು! ಮಾರನೆಯ ದಿನ, ಉಂಡಿದ್ದರೂ, ಕುಣಿಗಲ್‌ಗೆ ‘ಬ್ಯಾಡ’ ಎಂದು ಹೇಳಿಕಳಿಸಿದರು. ಆಕೆ ಹೋದ ಮೇಲೆ ಮನೆ ನೋಡಲು ಯಾರು ಕರೆದರೂ ಮಂಡಿನೋವು ಎನ್ನುತ್ತಿದ್ದರು.

“ಚಂದ್ರು, ಗಾಡಿ ಪಕ್ಕಕ್ಕೆ ಹಾಕು. ಆ ಟೈ ಸಾಹೇಬ್ರಿಗೆ ಫೋನ್ ಹಚ್ಚು.”

ಫೋನ್ ಹಿಡಿದು, ಕೆಮ್ಮಿ, ಗಂಭೀರವಾಗಿ ಹೇಳಿದರು: “ಸ್ವಾಮಿ, ನಿಮ್ಮನೇಲಿ ಉಂಡಿದ್ದು ನಿಜ. ಒಪ್ಪಿಗೆ ಅಂದಿದ್ದೂ ನಿಜ. ತಪ್ಪು ತಿಳ್ಕೋಬೇಡಿ, ಹುಡುಗೀನ ಕೊಡಲ್ಲ.”

“ಯಾವ ಹುಡುಗಿ ಸರ್?” ಎಂದಿತು ಫೋನು, ಗಾಬರಿಯಾಗಿ.

ಎರಡನೆಯ ಸ್ಕೂಲಿಗೆ ಹೋದಾಗ ಬನ್ನಿ ಎನ್ನಲೂ ಒಂದು ನರಪಿಳ್ಳೆ ಇರಲಿಲ್ಲ. ತಗಡಿನ ಆಫೀಸು, ಖಾಲಿ ಕುರ್ಚಿ. ಎಲ್ಲರೂ ಹೊರಗೆ ರನ್‌ವೇ ಕಡೆ ಇದ್ದರು. ಬೇರೆ ದಿನವಾಗಿದ್ದರೆ ವೆಂಕಟರಂಗಯ್ಯನವರು ಆ ಅವಮಾನಕ್ಕೆ ಅಲ್ಲಿಂದಲೇ ತಿರುಗಿ ನಡೆದಿರುತ್ತಿದ್ದರು. ಓಬಳಯ್ಯನಂತೂ ಒಣಗಿದ ಗರಿಯಂತೆ ಜೋತುಬಿದ್ದ. ಆದರೆ ಇವರು ಪಂಚೆ ಎತ್ತಿಕಟ್ಟಿ, ಜೀವಮಾನದಲ್ಲಿ ಮೊದಲ ಸಲ, ಹಿತ್ತಲ ಕಡೆ ಕಾಲು ಹಾಕಿದರು.

“ಅಜ್ಜಾ! ಹಳದಿ ಗೆರೆ ದಾಟ್ಬೇಡಿ! ಕಣ್ಣು ಕಾಣಲ್ವಾ?”

ಹಾಸನದ ಕಡೆಯ ಹುಡುಗಿಯೊಬ್ಬಳು ವಿಮಾನದ ಗಾಜು ಒರೆಸುತ್ತಿದ್ದಳು. ಚೇಳೂರು ಹೋಬಳಿಯಲ್ಲಿ ಅವರನ್ನು ಹಾಗೆ ಗದರಿದವರು ಯಾರೂ ಇಲ್ಲ. ಗೆರೆಯ ಈಚೆ ಬಂದು ನಿಂತು, ಇಲ್ಲಿ ಹೇಗಮ್ಮ ಎಂದು ಕೇಳಿದರು.

ಅವಳು ಬಾಗಿಲನ್ನೂ ನೋಡಲಿಲ್ಲ, ಗಾಜು ಒರೆಸುವುದನ್ನೂ ನಿಲ್ಲಿಸಲಿಲ್ಲ. “ಮೆಸ್ಸಲ್ಲಿ ಸಾರು ನೀರು ನೀರು. ಕಲಿಸೋ ಕ್ಯಾಪ್ಟನ್‌ಗೆ ಮೂಗಿನ ತುದೀಲಿ ಕೋಪ, ಲ್ಯಾಂಡಿಂಗ್ ಸ್ವಲ್ಪ ಕೆಟ್ರೂ ಮತ್ತೆ ಮತ್ತೆ ಮಾಡಿಸ್ತಾರೆ. ನಿದ್ದೆ ಇಲ್ಲ. ಬೆಳಿಗ್ಗೆ ಹಾರಿ ಬಂದೆ, ಸಂಜೆ ಮತ್ತೆ ಇದೆ. ಸಾಕಾಗಿದೆ ಅಜ್ಜ!” ಎನ್ನುತ್ತಾ ಹಲ್ಲುಬಿಟ್ಟಳು.

ಅಷ್ಟರಲ್ಲಿ ಒಂದು ಪುಟ್ಟ ವಿಮಾನ ನೆಲ ಮುಟ್ಟಿ, ಹಾಗೇ ಮತ್ತೆ ಮೇಲೆದ್ದಿತು. ಇಂಪನಾ ಕತ್ತೆತ್ತಿ ಅದನ್ನೇ ನೋಡುತ್ತಿದ್ದಳು. ವೆಂಕಟರಂಗಯ್ಯನವರು ಅಭ್ಯಾಸಬಲದಿಂದ ಪಕ್ಕಕ್ಕೆ ಕಿವಿ ವಾಲಿಸಿದರು. ಒಂದು ಮಾತಿಗಾಗಿ ಕಾದರು. ಗಾಳಿ ಬೀಸಿತು, ಅಷ್ಟೇ.

ನೂರಾರು ಹುಡುಗಿಯರಿಗೆ ಮನೆ ನೋಡಿದವರು, ಒಬ್ಬಳನ್ನೂ ಈ ಪ್ರಶ್ನೆ ಕೇಳಿದವರಲ್ಲ.

“ನಿಂಗೆ ಒಪ್ಪಿಗೆಯೇನಮ್ಮಿ?”

“ಒಪ್ಪಿಗೆ ತಾತ.”

ಹುಡುಗಿಯೇ ಹೂಂ ಎಂದ ಮೇಲೆ ಹಿರಿಯರು ಏನು ಹೇಳಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಒಮ್ಮೆ ಕೆಮ್ಮಿದರು. ವಿಮಾನದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.